ವಾರಂಟಿ ಮುಗಿದ ಮರುತಿಂಗಳೇ ಹಾರ್ಡ್‌ಡಿಸ್ಕ್ ಢಮಾರ್: ಅಂಗಡಿಯವರು ಕೈ ಎತ್ತಿದ್ರೆ ಅಲ್ಲಿಗೆ ಮುಗೀತಾ?

ಸಿಂಧನೂರು/ಲಿಂಗಸುಗೂರು/ಮಸ್ಕಿ: "ವಾರಂಟಿ ಮುಗಿದೈತ್ರಿ, ಕಂಪನಿಯವ್ರು ಮಾಡಿಕೊಡಲ್ಲ. ಹೊಸಾ ಡಿಸ್ಕ್ ಹಾಕ್ಸಿಬಿಡ್ರಿ."

ಕೆಟ್ಟ ಲ್ಯಾಪ್‌ಟಾಪ್ ಹಿಡ್ಕೊಂಡು ಅಂಗಡಿ ಮೆಟ್ಟಿಲು ಹತ್ತಿದವರಿಗೆ ಸಿಗೋ ಉತ್ತರ ಸಾಮಾನ್ಯವಾಗಿ ಇಷ್ಟೇ. 12 ತಿಂಗಳ ವಾರಂಟಿ ಮುಗಿದು 13ನೇ ತಿಂಗಳೋ 14ನೇ ತಿಂಗಳೋ ನಡೀತಿರ್ತದೆ. ಲ್ಯಾಪ್‌ಟಾಪ್ ಆನ್ ಮಾಡಿದ್ರೆ ಒಳಗಿಂದ ಟಕ್ ಟಕ್ ಸದ್ದು, ಕಪ್ಪು ಪರದೆ, ಡಿಸ್ಕ್ ಸಿಗ್ತಿಲ್ಲ ಅನ್ನೋ ಒಂದು ಸಾಲು. ಇಎಂಐ ಮೇಲೆ ತಗೊಂಡವರದ್ದು ಇನ್ನೂ ಬೇರೆ ಕಥೆ: 18 ತಿಂಗಳ ಕಂತಾದ್ರೆ ಡಿಸ್ಕ್ ಸತ್ತ ಮೇಲೂ ಕಂತು ಮಾತ್ರ ಬ್ಯಾಂಕ್ ಖಾತೆಯಿಂದ ತಪ್ಪದೇ ಕಟ್ ಆಗ್ತಾ ಇರ್ತದೆ.

ಇದನ್ನ ನಮ್ಮ ಕಡೆ ಜನ "ನಸೀಬು" ಅಂತ ಬಿಟ್ಟುಬಿಡ್ತಾರೆ. ಆದರೆ ಲೆಕ್ಕ ಹಾಕಿ ನೋಡಿದ್ರೆ ಇದು ಬರೀ ನಸೀಬಿನ ಮಾತಲ್ಲ.

ಒಂದು ವರ್ಷ ಅನ್ನೋ ಲೆಕ್ಕ ಎಲ್ಲಿಂದ ಬಂತು?

2011ರ ಅಕ್ಟೋಬರ್‌ನಲ್ಲಿ ಥಾಯ್ಲೆಂಡ್‌ನಲ್ಲಿ ಭಾರೀ ಪ್ರವಾಹ ಬಂತು. ಜಗತ್ತಿನ ಹಾರ್ಡ್‌ಡಿಸ್ಕ್ ತಯಾರಿಕೆಯ ದೊಡ್ಡ ಪಾಲು ಅಲ್ಲೇ ಇತ್ತು. ಫ್ಯಾಕ್ಟರಿಗಳು ನೀರಲ್ಲಿ ನಿಂತವು, ಬೆಲೆ ಏರಿತು. ಅದೇ ವರ್ಷದ ಕೊನೆಗೆ ಸೀಗೇಟ್ ಕಂಪನಿ ಲ್ಯಾಪ್‌ಟಾಪ್‌ಗೆ ಹಾಕುವ ಸಾಮಾನ್ಯ ಡಿಸ್ಕ್‌ಗಳ ವಾರಂಟಿಯನ್ನ ಒಂದೇ ವರ್ಷಕ್ಕೆ ಇಳಿಸಿತು. ವೆಸ್ಟರ್ನ್ ಡಿಜಿಟಲ್ 2012ರ ಜನವರಿಯಿಂದ ತನ್ನ ಕೆಲವು ಡಿಸ್ಕ್‌ಗಳಿಗೆ 3 ವರ್ಷ ಇದ್ದದ್ದನ್ನ 2 ವರ್ಷಕ್ಕೆ ತಂತು. ಅಂದ್ರೆ ವಾರಂಟಿ ಎಷ್ಟು ಅನ್ನೋದು ಕಂಪನಿಯ ವ್ಯಾಪಾರದ ತೀರ್ಮಾನ. "ಈ ಸಾಮಾನು ಇಷ್ಟೇ ದಿನ ಬಾಳ್ತದೆ" ಅನ್ನೋ ಸರ್ಟಿಫಿಕೇಟ್ ಅಲ್ಲ ಅದು. ಈಗಲೂ ಅಂಗಡಿಯಲ್ಲಿ ಬಿಡಿಯಾಗಿ ಡಿಸ್ಕ್ ತಗೊಂಡ್ರೆ 2 ವರ್ಷ, ಎಸ್‌ಎಸ್‌ಡಿ ಆದ್ರೆ 3 ಅಥವಾ 5 ವರ್ಷ ವಾರಂಟಿ ಸಿಗೋದುಂಟು. ಅಂಥದ್ದೇ ಡಿಸ್ಕ್ ಲ್ಯಾಪ್‌ಟಾಪ್ ಒಳಗೆ ಕೂತು ಬಂದಾಗ ಲ್ಯಾಪ್‌ಟಾಪ್‌ನ ವಾರಂಟಿ ಎಷ್ಟೋ ಅಷ್ಟೇ!

ಇನ್ನೊಂದು ಲೆಕ್ಕ ಇದಕ್ಕಿಂತ ಮುಖ್ಯ. ಅಮೆರಿಕದ ಬ್ಯಾಕ್‌ಬ್ಲೇಜ್ ಅನ್ನೋ ಕಂಪನಿ ಜನರ ಡೇಟಾ ಇಟ್ಟುಕೊಳ್ಳೋ ಕೆಲಸ ಮಾಡ್ತದೆ. ತನ್ನ ಬಳಿಯ ಸುಮಾರು 25 ಸಾವಿರ ಡಿಸ್ಕ್‌ಗಳಲ್ಲಿ ಎಷ್ಟು ಯಾವಾಗ ಕೆಟ್ಟವು ಅನ್ನೋದನ್ನ 2013ರಲ್ಲಿ ಬಹಿರಂಗವಾಗಿ ಪ್ರಕಟಿಸಿತು. ಮೊದಲ ಒಂದೂವರೆ ವರ್ಷದಲ್ಲಿ ವರ್ಷಕ್ಕೆ ಶೇ 5.1ರ ಲೆಕ್ಕದಲ್ಲಿ ಕೆಟ್ಟಿದ್ದವು. ಮುಂದಿನ ಒಂದೂವರೆ ವರ್ಷದಲ್ಲಿ ಅದು ಶೇ 1.4ಕ್ಕೆ ಇಳಿಯಿತು. 3 ವರ್ಷ ದಾಟಿದ ಮೇಲೆ ಸವೆದು ಸವೆದು ಶೇ 11.8ಕ್ಕೆ ಏರಿತು. ಮೊದಲಿಗೆ ಕೆಡೋದು ತಯಾರಿಕೆಯಲ್ಲೇ ಕಚ್ಚಾ ಉಳಿದವು, ಕೊನೆಗೆ ಕೆಡೋದು ಮುದಿಯಾದವು ಅನ್ನೋದು ಇದರ ಸಾಮಾನ್ಯ ವಿವರಣೆ.

ಆ ಡಿಸ್ಕ್‌ಗಳು ದೊಡ್ಡ ಕಟ್ಟಡದಲ್ಲಿ ಹಗಲೂ ರಾತ್ರಿ ಓಡುವಂಥವು, ಕಾಲೇಜು ಹುಡುಗರ ಬ್ಯಾಗಿನಲ್ಲಿ ಬಸ್ಸು ಹತ್ತುವಂಥವಲ್ಲ. ಹಂಗಾಗಿ ಲೆಕ್ಕವನ್ನ ನೇರವಾಗಿ ತಂದು ಇಲ್ಲಿಗೆ ಅಂಟಿಸೋಕಾಗಲ್ಲ. ಆದರೂ ಒಂದು ವಿಷಯ ಎದ್ದು ಕಾಣ್ತದೆ. ಕಚ್ಚಾ ಮಾಲು ಹೊರಗೆ ಬೀಳುವ ಕಾಲ 18 ತಿಂಗಳಾದ್ರೆ, ವಾರಂಟಿ 12ಕ್ಕೇ ನಿಲ್ತದೆ. ನಡುವಿನ 6 ತಿಂಗಳ ನಷ್ಟ ಯಾರ ತಲೆ ಮೇಲೆ? ಸದ್ಯಕ್ಕೆ ಗಿರಾಕಿ ತಲೆ ಮೇಲೆ.

"ನಮ್ಮ ಬಿಸಿಲಿಗೇ ಹೋಗ್ಯಾದ" ಅಂತ ಅಂಗಡಿಯವರು ಹೇಳೋದುಂಟು. ರಾಯಚೂರು ಜಿಲ್ಲೆ ಬಿಸಿಲು ಗೊತ್ತಿರೋದೇ. ಆದರೆ ಗೂಗಲ್ ಕಂಪನಿ 2007ರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್ ನೋಡಿ ಪ್ರಕಟಿಸಿದ ಅಧ್ಯಯನದಲ್ಲಿ ಬಿಸಿಗೂ ಡಿಸ್ಕ್ ಕೆಡೋದಕ್ಕೂ ಜನ ಅಂದುಕೊಂಡಷ್ಟು ನಂಟು ಸಿಗಲಿಲ್ಲ. ತೀರಾ ಜಾಸ್ತಿ ಬಿಸಿ ಮಾತ್ರ ಕೆಟ್ಟದ್ದು. ಬಿಸಿಲಿಗಿಂತ ಹೆಚ್ಚು ಹೆದರಬೇಕಾದದ್ದು ಏಟಿಗೆ. ಒಳಗಿನ ತಟ್ಟೆ ನಿಮಿಷಕ್ಕೆ 5400 ಸುತ್ತು ತಿರುಗ್ತಿರ್ತದೆ, ಓದುವ ಮುಳ್ಳು ಕೂದಲೆಳೆಗಿಂತ ಎಷ್ಟೋ ಪಟ್ಟು ಕಮ್ಮಿ ಅಂತರದಲ್ಲಿ ತೇಲ್ತಿರ್ತದೆ. ಆನ್ ಇದ್ದಾಗಲೇ ಮುಚ್ಚಿ ಬ್ಯಾಗಿಗೆ ತುರುಕಿ ಬೈಕ್ ಮೇಲೆ ಹೊರಟ್ರೆ, ತಗ್ಗುಗುಂಡಿಯ ರಸ್ತೆ ಉಳಿದ ಕೆಲಸ ಮಾಡ್ತದೆ. ಅಂಥ ಡಿಸ್ಕ್‌ಗೆ ಕಂಪನಿಯನ್ನ ಬೈದು ಉಪಯೋಗ ಇಲ್ಲ.

ಕಾನೂನು ವಾರಂಟಿ ಕಾರ್ಡ್‌ಗೆ ನಿಲ್ಲಲ್ಲ

ಗ್ರಾಹಕ ಸಂರಕ್ಷಣಾ ಕಾಯ್ದೆ 2019 ಅನ್ನೋದು 2020ರ ಜುಲೈನಿಂದ ಜಾರಿಯಲ್ಲಿದೆ. ಅದರಲ್ಲಿ "ದೋಷ" ಅಂದ್ರೆ ಏನು ಅನ್ನೋದಕ್ಕೆ ವಾರಂಟಿ ತಿಂಗಳುಗಳ ಲೆಕ್ಕ ಹಾಕಿಲ್ಲ. ಗುಣಮಟ್ಟದಲ್ಲಿ ಇರಬೇಕಾದದ್ದು ಇಲ್ಲದಿದ್ರೆ ಅದು ದೋಷ. ದೂರು ಕೊಡೋಕೆ ಕಾರಣ ಹುಟ್ಟಿದ ದಿನದಿಂದ 2 ವರ್ಷ ಅವಕಾಶ ಇದೆ. 5 ಲಕ್ಷ ರೂಪಾಯಿವರೆಗೆ ಕೊಟ್ಟು ಕೊಂಡ ಸಾಮಾನಿಗೆ ಶುಲ್ಕವೇ ಇಲ್ಲ. ಕಂಪನಿ ಬೆಂಗಳೂರಲ್ಲೋ ದಿಲ್ಲಿಯಲ್ಲೋ ಇರಲಿ, ಗ್ರಾಹಕ ವಾಸ ಇರುವ ಜಿಲ್ಲೆಯಲ್ಲೇ, ಅಂದ್ರೆ ರಾಯಚೂರಿನ ಜಿಲ್ಲಾ ಗ್ರಾಹಕ ಆಯೋಗದಲ್ಲೇ ದೂರು ಹಾಕಬಹುದು.

ಆನ್‌ಲೈನ್ ಸೆಂಟರ್, ಡಿಟಿಪಿ, ಫೋಟೊ ಸ್ಟುಡಿಯೊ ನಡೆಸೋರು "ನಾವು ವ್ಯಾಪಾರಸ್ಥರು, ನಮಗೆ ಬರಲ್ಲ" ಅಂದುಕೊಂಡಿರ್ತಾರೆ. ತಪ್ಪು. ಹೊಟ್ಟೆಪಾಡಿಗಾಗಿ ಸ್ವಂತ ಉದ್ಯೋಗಕ್ಕೆ ತಾವೇ ಬಳಸೋಕೆ ಕೊಂಡಿದ್ರೆ ಅವರೂ ಗ್ರಾಹಕರೇ ಅಂತ ಕಾಯ್ದೆಯಲ್ಲೇ ಇದೆ.

ಹಾಗಂತ ದೂರು ಹಾಕಿದ ತಕ್ಷಣ ದುಡ್ಡು ಬಂತು ಅಂತಲ್ಲ. ಕಂಪನಿ ವಕೀಲರ ಮೊದಲ ಮಾತೇ "ವಾರಂಟಿ ಮುಗಿದಿದೆ" ಅಂತ ಇರ್ತದೆ. ಆಗ ಡಿಸ್ಕ್ ತಯಾರಿಕೆಯಲ್ಲೇ ದೋಷ ಇತ್ತು ಅಂತ ತೋರಿಸೋ ಹೊರೆ ಗ್ರಾಹಕನ ಮೇಲೆ ಬೀಳ್ತದೆ, ತಜ್ಞರ ವರದಿ ಬೇಕಾಗ್ತದೆ. ಈ ಹೊರೆ ಹಗುರ ಆಗೋದು ಒಂದೇ ಸಂದರ್ಭದಲ್ಲಿ: ತೊಂದರೆ ವಾರಂಟಿ ಒಳಗೇ ಶುರುವಾಗಿತ್ತು ಅನ್ನೋದಕ್ಕೆ ಕಾಗದ ಇದ್ದಾಗ.

ಎಡವಟ್ಟು ಆಗೋದು ಇಲ್ಲೇ. ಡಿಸ್ಕ್ ಒಂದೇ ದಿನಕ್ಕೆ ಸಾಯೋದು ಕಮ್ಮಿ. 9ನೇ ತಿಂಗಳಿಂದಲೇ ಲ್ಯಾಪ್‌ಟಾಪ್ ನಿಧಾನ ಆಗಿರ್ತದೆ, ಫೈಲ್ ತೆರೆಯೋಕೆ ಒದ್ದಾಡ್ತಿರ್ತದೆ. ಸಿಂಧನೂರಿಂದಾಗಲಿ ಲಿಂಗಸುಗೂರಿಂದಾಗಲಿ ರಾಯಚೂರು ಹೆಚ್ಚುಕಡಿಮೆ 90 ಕಿ.ಮೀ. ತಾಲೂಕಿನಲ್ಲಿ ಇರೋದು ಮಾರುವ ಅಂಗಡಿ, ರಿಪೇರಿ ಅಂಗಡಿ. ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್ ಅಂದ್ರೆ ಬಹುತೇಕ ಊರು ಬಿಟ್ಟೇ ಹೋಗಬೇಕು. ಒಂದು ದಿನದ ಕೂಲಿ, ಬಸ್ ಚಾರ್ಜು, ಕೊಟ್ಟು ಬಂದ್ರೆ ವಾಪಸ್ ತರೋಕೆ ಇನ್ನೊಂದು ದಿನ. ಬತ್ತದ ನಾಟಿ, ಕಟಾವು ಅಂತ ಮನೆಯಲ್ಲಿ ಕೆಲಸ ಇದ್ದಾಗ "ಇನ್ನೂ ನಡೀತೈತಲ್ಲ, ನಡೀಲಿ ಬಿಡು" ಅಂತ ಮುಂದಕ್ಕೆ ಹಾಕ್ತಾರೆ. ಹಾಗೇ ವಾರಂಟಿ ಮುಗಿದುಹೋಗ್ತದೆ. ಬೆಂಗಳೂರಿನವರಿಗೆ ಸಿಗೋ 12 ತಿಂಗಳ ವಾರಂಟಿ ಮಸ್ಕಿಯವರಿಗೆ 12 ತಿಂಗಳಾಗಿ ಉಳಿಯಲ್ಲ.

ಇದಕ್ಕೆ ರಾಯಚೂರಿಗೆ ಹೋಗಲೇಬೇಕಿಲ್ಲ. ತೊಂದರೆ ಕಂಡ ದಿನವೇ ಕಂಪನಿಯ ಕಸ್ಟಮರ್ ಕೇರ್‌ಗೆ ಇ-ಮೇಲ್ ಹಾಕಿ ದೂರಿನ ನಂಬರ್ ತಗೊಂಡ್ರೆ ಸಾಕು, ತಾರೀಕು ದಾಖಲಾಯ್ತು. ಫೋನಲ್ಲಿ ಮಾತಾಡಿ ಇಟ್ಟುಬಿಟ್ರೆ ಕೈಯಲ್ಲಿ ಏನೂ ಉಳಿಯಲ್ಲ.

ಬಿಲ್ ವಿಷಯದಲ್ಲೂ ಇದೇ ಹಣೆಬರಹ. ಜಿಎಸ್‌ಟಿ ಉಳಿಸೋಕೆ ಅಂತ ಬಿಳಿ ಚೀಟಿ ಮೇಲೆ ಬರೆಸಿಕೊಂಡು ಬಂದವರು ಕೊನೆಗೆ ಏನು ತೋರಿಸ್ತಾರೆ? ಬಿಲ್ ಕೊಡದೇ ಇರೋದನ್ನ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಅಂತಲೇ ಕರೀತದೆ. ಬಿಲ್ ಇದ್ರೆ ಇನ್ನೊಂದು ಲಾಭ. ಲ್ಯಾಪ್‌ಟಾಪ್ ಅಂಗಡಿಯಲ್ಲಿ ತಿಂಗಳುಗಟ್ಟಲೆ ಕೂತಿದ್ರೆ ಕಂಪನಿ ವೆಬ್‌ಸೈಟ್‌ನಲ್ಲಿ ವಾರಂಟಿ ಅಷ್ಟು ಮೊದಲೇ ಶುರುವಾದಂತೆ ತೋರಿಸೋದುಂಟು. ಬಿಲ್ ಕಳಿಸಿದ್ರೆ ಕೊಂಡ ತಾರೀಕಿಗೆ ತಿದ್ದಿಸಬಹುದು. "ಮುಗಿದೈತಿ" ಅಂದ ವಾರಂಟಿ ಕೆಲವೊಮ್ಮೆ ಇನ್ನೂ ಮುಗಿದೇ ಇರಲ್ಲ.

ಆಯೋಗಕ್ಕೆ ಹೋಗೋ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು, ಕನ್ನಡದಲ್ಲೂ ಮಾತಾಡಬಹುದು. ಅವರು ದೂರನ್ನ ಕಂಪನಿಗೆ ಕಳಿಸ್ತಾರೆ. ತೀರ್ಪು ಕೊಡೋ ಅಧಿಕಾರ ಅವರಿಗಿಲ್ಲ, ಆದರೆ ಒಂದೆರಡು ತಿಂಗಳು ಮಾತ್ರ ದಾಟಿದ ಪ್ರಕರಣದಲ್ಲಿ ಕಂಪನಿ ಒಪ್ಪಿಕೊಂಡರೂ ಒಪ್ಪಿಕೊಳ್ಳಬಹುದು. ನಂಬರ್ ನೆನಪಿಡೋಕೆ ಮಸ್ಕಿಯವರಿಗೆ ಕಷ್ಟ ಇಲ್ಲ. ಅಶೋಕನ ಹೆಸರಿರುವ ಶಾಸನ ಊರ ಗುಡ್ಡದಲ್ಲಿ ಸಿಕ್ಕಿದ್ದು 1915ರಲ್ಲೇ! (ಎರಡು ಸಾವಿರ ವರ್ಷ ದಾಟಿದ್ರೂ ಅದನ್ನ ಓದೋಕೆ ಬರ್ತದೆ, ಯಾವ ವಾರಂಟಿಯೂ ಇರಲಿಲ್ಲ.) ಅಲ್ಲಿ ಆಗದಿದ್ರೆ ಇ-ಜಾಗೃತಿ ವೆಬ್‌ಸೈಟ್‌ನಲ್ಲೇ ದೂರು ಹಾಕಬಹುದು. ವಿಡಿಯೊ ಕಾನ್ಫರೆನ್ಸ್ ಮೂಲಕ ವಿಚಾರಣೆ ಕೇಳೋಕೂ ಕಾಯ್ದೆಯಲ್ಲಿ ಅವಕಾಶ ಇದೆ.

2019-20ರಲ್ಲಿ ಸರ್ಕಾರಿ ಪದವಿ ಕಾಲೇಜುಗಳ ಮೊದಲ ವರ್ಷದವರಿಗೆ ರಾಜ್ಯ ಸರ್ಕಾರ ಒಂದು ಲಕ್ಷಕ್ಕೂ ಹೆಚ್ಚು ಲ್ಯಾಪ್‌ಟಾಪ್ ಉಚಿತವಾಗಿ ಕೊಟ್ಟಿತ್ತು. ಅಂಥ ಯೋಜನೆಗಳಲ್ಲಿ ಖರೀದಿ ಬಿಲ್ ಇಲಾಖೆಯಲ್ಲಿ, ಕೆಟ್ಟ ಡಿಸ್ಕ್ ವಿದ್ಯಾರ್ಥಿ ಕೈಯಲ್ಲಿ. ಮುಂದೆ ಕೊಡುವಾಗಲಾದ್ರೂ ತಾಲೂಕಿಗೆ ಬಂದು ರಿಪೇರಿ ಮಾಡಿಕೊಡೋ ಷರತ್ತನ್ನ ಟೆಂಡರ್‌ನಲ್ಲೇ ಹಾಕಬೇಕು ಅಂತ ವಿದ್ಯಾರ್ಥಿ ಸಂಘಟನೆಗಳು ಕೇಳಬೇಕಾದ ಕಾಲ ಇದು.

ಡಿಸ್ಕ್ ಸಿಗ್ತದೆ, ಒಳಗಿದ್ದದ್ದು?

ಡಿಸ್ಕ್ ಬೆಲೆ ಹೆಂಗೋ ಹೊಂದಿಸಬಹುದು. ನಿಜವಾದ ನಷ್ಟ ಒಳಗಿನದ್ದು. ವಾರಂಟಿ ಇದ್ದಾಗಲೂ ಕಂಪನಿಗಳು ಡಿಸ್ಕ್ ಬದಲಿಸಿ ಕೊಡ್ತಾವೆ ಹೊರತು ಡೇಟಾಕ್ಕೆ ಹೊಣೆ ಅಲ್ಲ ಅಂತ ಮೊದಲೇ ಬರೆದಿರ್ತಾವೆ. ಸ್ಟುಡಿಯೊದವರಿಗೆ ಒಂದು ಸೀಸನ್ನಿನ ಮದುವೆ ಫೋಟೊ, ವಿದ್ಯಾರ್ಥಿಗೆ ಪ್ರಾಜೆಕ್ಟ್ ವರದಿ. ಸಿಂಧನೂರಿನ ಅಕ್ಕಿ ಮಿಲ್ಲು, ಗೊಬ್ಬರದ ಅಂಗಡಿಗಳ ಟ್ಯಾಲಿ ಲೆಕ್ಕದ್ದು ಇನ್ನೂ ಗಂಭೀರ. ಜಿಎಸ್‌ಟಿ ಕಾನೂನಿನ ಪ್ರಕಾರ ಲೆಕ್ಕಪತ್ರವನ್ನ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಇಟ್ಟುಕೊಂಡಿರಬೇಕು. 72 ತಿಂಗಳ ಲೆಕ್ಕವನ್ನ 12 ತಿಂಗಳ ವಾರಂಟಿಯ ಒಂದೇ ಡಿಸ್ಕ್ ಮೇಲೆ ಬಿಟ್ಟು ಮಲಗೋದು ಧೈರ್ಯವೋ ಮೈಮರೆವೋ ಅವರೇ ಹೇಳಬೇಕು. ಇನ್ನೊಂದು ಎಕ್ಸ್‌ಟರ್ನಲ್ ಡಿಸ್ಕ್‌ಗೆ ವಾರಕ್ಕೊಮ್ಮೆ ಕಾಪಿ ಮಾಡೋಕೆ ಅರ್ಧ ತಾಸು ಸಾಕು.

ಟಕ್ ಟಕ್ ಸದ್ದು ಕೇಳಿದ್ರೆ ಮತ್ತೆ ಮತ್ತೆ ಆನ್ ಮಾಡಿ ನೋಡಬಾರದು. ಪ್ರತಿ ಸಲವೂ ಮುಳ್ಳು ತಟ್ಟೆಯನ್ನ ಗೀರ್ತಿರಬಹುದು. ಯೂಟ್ಯೂಬ್ ನೋಡಿ ಫ್ರಿಜ್‌ನಲ್ಲಿ ಇಡೋದು, ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆಯೋದು ಇನ್ನೂ ಕೆಟ್ಟದ್ದು. ಬೆಂಗಳೂರು, ಹೈದರಾಬಾದಿನಲ್ಲಿ ಡೇಟಾ ತೆಗೆದುಕೊಡೋ ಲ್ಯಾಬ್‌ಗಳಿವೆ, ಆದರೆ ಬಿಲ್ ಡಿಸ್ಕ್ ಬೆಲೆಯ ಹಲವು ಪಟ್ಟು ಆಗಬಹುದು.

ಹೊಸ ಡಿಸ್ಕ್ ಹಾಕಿಸುವಾಗ ಅದರ ಸೀರಿಯಲ್ ನಂಬರ್ ಬರೆದ ಪಕ್ಕಾ ಬಿಲ್ ತಗೊಳ್ಳಿ, ಅದಕ್ಕೆ ಬೇರೆಯದೇ ವಾರಂಟಿ ಇರ್ತದೆ. ಹಳೇ ಡಿಸ್ಕನ್ನ ಅಂಗಡಿಯಲ್ಲೇ ಬಿಟ್ಟು ಬರಬೇಡಿ. ಅದರೊಳಗೆ ಆಧಾರ್, ಪಹಣಿ, ಬ್ಯಾಂಕ್ ಪಾಸ್‌ಬುಕ್ ಸ್ಕ್ಯಾನ್ ಇರ್ತವೆ. ನಾಳೆ ಆಯೋಗಕ್ಕೆ ಹೋದ್ರೆ ತಜ್ಞರ ಮುಂದೆ ಇಡೋಕೆ ಬೇಕಾಗೋದೂ ಅದೇ ಡಿಸ್ಕ್.