ಕವರ್ ಸಾಕು, ಒಂದು ಸ್ವಂತದ್ದು ಹಾಡ್ರಿ

ಪ್ರತಿ ಸಲ ಫೆಸ್ಟ್‌ನಲ್ಲಿ ಯಾವುದಾದರೂ ಒಂದು ಬ್ಯಾಂಡ್ ಶಿಶುನಾಳ ಶರೀಫರ ಪದ ತಗೊಂಡು, ಅದಕ್ಕೆ ಗಿಟಾರ್, ಡ್ರಮ್ಸ್ ಸೇರಿಸಿ ಹಾಡೇ ಹಾಡುತ್ತದೆ. ಮರುದಿನ ಕ್ಯಾಂಟೀನ್‌ನಲ್ಲಿ ಎರಡು ಪಾರ್ಟಿ. ಒಂದು ಪಾರ್ಟಿ, "ಶರೀಫಜ್ಜನ ಪದಾ ಕೆಡಿಸಿ ಇಟ್ಟರಲೇ" ಅನ್ನುತ್ತದೆ. ಇನ್ನೊಂದು, "ಏ ಸುಮ್ಮನಿರಲೇ, ಭಾರಿ ಮಸ್ತ್ ಇತ್ತು" ಅನ್ನುತ್ತದೆ. ಚಹಾ ಮುಗಿಯುತ್ತದೆ, ಜಗಳ ಮುಗಿಯಲ್ಲ.

ನನ್ನ ಪ್ರಕಾರ ಇಬ್ಬರೂ ಕೇಳುತ್ತಿರುವ ಪ್ರಶ್ನೆನೇ ಸರಿ ಇಲ್ಲ. ಶರೀಫರ ಪದಕ್ಕೆ ಗಿಟಾರ್ ಬೇಕೋ ಬೇಡವೋ ಅನ್ನೋದು ವಿಷಯ ಅಲ್ಲ. ಆ ಪದ ಹಾಡಿ ಮುಗಿಸಿದ ಮೇಲೆ ಆ ಬ್ಯಾಂಡ್ ತನ್ನದು ಅಂತ ಏನು ಹಾಡಿತು? ಇದನ್ನ ಯಾರೂ ಕೇಳಲ್ಲ. ಈ ಮಾತು ಯಾಕೆ ಹೇಳ್ತಿದ್ದೀನಿ ಅಂದರೆ, ಕ್ಯಾಂಪಸ್‌ನ ಅರ್ಧ ಬ್ಯಾಂಡುಗಳು ಯಾರನ್ನು ನೋಡಿ ಶರೀಫರ ಪದ ಎತ್ತಿಕೊಂಡವೋ, ಆ ರಘು ದೀಕ್ಷಿತ್ ಅವರ ಕರಿಯರ್ ಪೂರ್ತಿ ನೋಡಿದರೆ ಅಲ್ಲಿ ಕಾಣೋದು ಬೇರೆ ಪಾಠ.

ಮೊದಲು ಅವರ ಕಥೆ ಸ್ವಲ್ಪ ನೋಡೋಣ. ರಘು ದೀಕ್ಷಿತ್ ಬೆಳೆದದ್ದು ಮೈಸೂರಿನಲ್ಲಿ. ಓದಿದ್ದು ಮೈಕ್ರೋಬಯಾಲಜಿ, ಜೊತೆಗೆ ಕಲಿತದ್ದು ಭರತನಾಟ್ಯ. ಬೆಲ್ಜಿಯಂನಲ್ಲಿ ಕೆಲಸಕ್ಕಿದ್ದವರು ಅದನ್ನು ಬಿಟ್ಟು ಹಾಡೋಕೆ ವಾಪಸ್ ಬಂದರು. 'ಅಂತರಾಗ್ನಿ' ಅನ್ನೋ ಬ್ಯಾಂಡ್ ಕಟ್ಟಿದರು. ಆಮೇಲೆ ಅದು 'ದಿ ರಘು ದೀಕ್ಷಿತ್ ಪ್ರಾಜೆಕ್ಟ್' ಆಯಿತು. ಮೊದಲ ಆಲ್ಬಮ್ ಬಂದದ್ದು 2008ರಲ್ಲಿ, ವಿಶಾಲ್-ಶೇಖರ್ ಅವರ ಲೇಬಲ್‌ನಿಂದ. ಅಷ್ಟೊತ್ತಿಗೆ ಅವರಿಗೆ ಮೂವತ್ತು ದಾಟಿತ್ತು. ಅದೇ ವರ್ಷ 'ಸೈಕೋ' ಸಿನಿಮಾ ಬಂತು, ಅದರ ಮಾದೇಶ್ವರನ ಹಾಡು ಕರ್ನಾಟಕದ ಮನೆಮನೆಗೂ ಮುಟ್ಟಿತು. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಶೋ, 2011ರಲ್ಲಿ ಗ್ಲಾಸ್ಟನ್‌ಬರಿ, ಅದೇ ವರ್ಷ ಬ್ರಿಟನ್ನಿನ 'ಸಾಂಗ್‌ಲೈನ್ಸ್' ಪತ್ರಿಕೆಯ ಹೊಸಬರ ಪ್ರಶಸ್ತಿ. ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿಕೊಂಡು, ಕೈಯಲ್ಲಿ ಗಿಟಾರ್ ಹಿಡಿದು ಆ ಮನುಷ್ಯ ಅಲ್ಲಿ ಹಾಡಿದ್ದರಲ್ಲಿ ನಮ್ಮ ಶರೀಫಜ್ಜನ ಪದಗಳೂ ಇದ್ದವು.

ನಮ್ಮ ಅಂತ ಯಾಕೆ ಒತ್ತಿ ಹೇಳ್ತೀನಿ ಅಂದರೆ, ಶಿಶುನಾಳ ಇರೋದು ಇಲ್ಲೇ, ಶಿಗ್ಗಾಂವಿ ತಾಲೂಕಿನಲ್ಲಿ. ಈಗ ಅದು ಹಾವೇರಿ ಜಿಲ್ಲೆ, 1997ರವರೆಗೆ ಧಾರವಾಡ ಜಿಲ್ಲೆನೇ ಆಗಿತ್ತು. ಹುಬ್ಬಳ್ಳಿಯಿಂದ ಬೆಳಿಗ್ಗೆ ಬೈಕ್ ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಮೆಸ್‌ಗೆ ವಾಪಸ್ ಬರಬಹುದು. ಆದರೆ ನಮ್ಮ ಬ್ಯಾಚಿನಲ್ಲಿ ತುಂಬಾ ಜನಕ್ಕೆ ಶರೀಫರು ಸಿಕ್ಕಿದ್ದು ಶಿಶುನಾಳದಿಂದ ಅಲ್ಲ, ಯೂಟ್ಯೂಬಿನ ಗಿಟಾರಿನಿಂದ. ಇಂಗ್ಲಿಷ್ ಮೀಡಿಯಂ ಓದಿದ ನನ್ನಂಥವರಿಗಂತೂ ಬೇರೆ ದಾರಿನೇ ಇರಲಿಲ್ಲ.

ಇದಕ್ಕೆ ನಾಚಿಕೆಪಡಬೇಕಾ? ಬೇಡ ಅಂತೀನಿ. ಕೆಡಿಸಿದರು ಅನ್ನೋ ಪಾರ್ಟಿಯವರಿಗೆ ಒಂದು ಲೆಕ್ಕ ಕೊಡ್ತೀನಿ. ಶರೀಫರು ತೀರಿಕೊಂಡದ್ದು 1889ರಲ್ಲಿ. ಅವರ ಪದಗಳಿಗೆ ಇವತ್ತು ನಾವು 'ಒರಿಜಿನಲ್ ಟ್ಯೂನ್' ಅಂತ ನಂಬಿರೋ ಎಷ್ಟೋ ಧಾಟಿಗಳನ್ನು ಕೂಡಿಸಿದವರು ಸಿ. ಅಶ್ವಥ್. ಅವರು ಹುಟ್ಟಿದ್ದು 1939ರಲ್ಲಿ, ಸರಿಯಾಗಿ ಐವತ್ತು ವರ್ಷ ಆದ ಮೇಲೆ, ಅದೂ ಹಾಸನ ಜಿಲ್ಲೆಯ ಚನ್ನರಾಯಪಟ್ಟಣದಲ್ಲಿ. ಆ ಧಾಟಿಗಳನ್ನು ಮನೆಮಾತು ಮಾಡಿದ ಇನ್ನೊಬ್ಬರು ಶಿವಮೊಗ್ಗ ಸುಬ್ಬಣ್ಣ. 1990ರಲ್ಲಿ ನಾಗಾಭರಣ ಅವರ 'ಸಂತ ಶಿಶುನಾಳ ಶರೀಫ' ಸಿನಿಮಾ ಬಂತು, ಅದರ ಸಂಗೀತವೂ ಅಶ್ವಥ್ ಅವರದೇ. ನಮ್ಮ ಅಪ್ಪ-ಅಮ್ಮ ಕ್ಯಾಸೆಟ್‌ನಲ್ಲಿ ಕೇಳಿದ್ದು ಇದನ್ನ.

ಅದಕ್ಕೂ ಮುಂಚೆ? ಅದಕ್ಕೂ ಮುಂಚೆ, ಈಗಲೂ ಕೂಡ, ನಮ್ಮ ಹಳ್ಳಿಗಳ ಭಜನಿ ಮೇಳದವರು ಏಕತಾರಿ, ತಾಳ, ದಮ್ಮಡಿ ಹಿಡಿದು ರಾತ್ರಿಯೆಲ್ಲ ಇವೇ ಪದ ಹಾಡ್ತಾರೆ. ಒಂದೊಂದು ಊರಿಗೆ ಒಂದೊಂದು ಧಾಟಿ. ಆ ಮೇಳಗಳಿಗೆ ಪೇಟಿ ಬಂದು ಸೇರಿದ್ದೂ ಒಂದು ಕಾಲದಲ್ಲಿ ಹೊಸದೇ, ಅದು ಯುರೋಪಿನ ವಾದ್ಯ. ಪೇಟಿ ಬಂದಾಗ ಪದ ಕೆಡಲಿಲ್ಲ, ವಯಲಿನ್-ತಬಲಾ ಬಂದಾಗ ಕೆಡಲಿಲ್ಲ, ಗಿಟಾರ್ ಬಂದ ತಕ್ಷಣ ಕೆಟ್ಟುಹೋಯ್ತಾ? ಕ್ಯಾಸೆಟ್ ಕೇಳಿ ಬೆಳೆದವರು ಕ್ಯಾಸೆಟ್ಟನ್ನೇ ಶರೀಫ ಅಂದುಕೊಂಡಿದ್ದಾರೆ, ಅಷ್ಟೆ.

ಈಗ ಮಸ್ತ್ ಅನ್ನೋ ಪಾರ್ಟಿ ಕಡೆ ಬರ್ತೀನಿ. ಗಿಟಾರ್ ಸೇರಿಸೋದು ತಪ್ಪಲ್ಲ ಸರಿ. ಆದರೆ ಅಷ್ಟಕ್ಕೇ ನಿಂತರೆ ಏನಾಯಿತು? ಕವರ್ ಹಾಡೋದು ಸೀನಿಯರ್ ಲ್ಯಾಬ್ ರೆಕಾರ್ಡ್ ನೋಡಿ ಬರೆದಂಗೆ. ಬರೆಯುತ್ತ ಪ್ರೊಸೀಜರ್ ಕೈಗೆ ಬರುತ್ತದೆ, ಒಳ್ಳೆಯದೇ. ಆದರೆ ವೈವಾದಲ್ಲಿ ಕೂತಾಗ ಸೀನಿಯರ್ ಬರಲ್ಲ, ನೀನೇ ಮಾತಾಡಬೇಕು.

ರಘು ದೀಕ್ಷಿತ್ ಅವರ ಮೊದಲ ಆಲ್ಬಮ್ ತೆಗೆದು ನೋಡಿ. ಶರೀಫರ ಪದ ಅದರಲ್ಲಿ ಒಂದು ಪಾಲು ಮಾತ್ರ. ಉಳಿದದ್ದು ಹೊಸ ಹಾಡು. ಕನ್ನಡ, ಹಿಂದಿ, ಇಂಗ್ಲಿಷ್ ಮೂರೂ ಒಂದೇ ಆಲ್ಬಮ್‌ನಲ್ಲಿ. ಅದರಲ್ಲಿ ಊರು ಇದೆ, ಪ್ರೀತಿ ಇದೆ, ದೇವರ ಜೊತೆ ತಕರಾರು ಇದೆ. ನನಗೆ ಅನಿಸೋದು ಏನಂದರೆ, ಆ ಹೊಸ ಹಾಡುಗಳು ಇರದಿದ್ದರೆ ಶರೀಫರ ಪದ ಹಾಡಿದ್ದಕ್ಕೂ ಅಷ್ಟು ಜೀವ ಬರ್ತಿರಲಿಲ್ಲ. ತನ್ನ ಮಾತು ಹೇಳೋಕೆ ಬಂದವನು ಅಜ್ಜನ ಮಾತನ್ನೂ ಹೇಳಿದ ಅನ್ನೋದು ಬೇರೆ. ತನ್ನ ಹತ್ತಿರ ಏನೂ ಇಲ್ಲದೆ ಅಜ್ಜನ ಹಿಂದೆ ಅಡಗೋದು ಬೇರೆ. ನಮ್ಮ ಫೆಸ್ಟ್ ಬ್ಯಾಂಡುಗಳು ಅವರಿಂದ ಮೊದಲ ಅರ್ಧ ಮಾತ್ರ ಕಲಿತಿವೆ.

ಇದು ನಮ್ಮಲ್ಲಿ ಮಾತ್ರ ನಡೆದ ಕಥೆ ಅಲ್ಲ. ಇಂಗ್ಲೆಂಡಿನ ಲೀಡ್ಸ್‌ನಲ್ಲಿ 1977ರಲ್ಲಿ ಯುನಿವರ್ಸಿಟಿಯ ಆರ್ಟ್ ವಿದ್ಯಾರ್ಥಿಗಳು ಸೇರಿ 'ದಿ ಮೆಕಾನ್ಸ್' ಅಂತ ಬ್ಯಾಂಡ್ ಮಾಡಿದರು. ಶುರುವಿನಲ್ಲಿ ಪಂಕ್ ಬಾರಿಸುತ್ತಿದ್ದರು. ಆಮೇಲೆ ಅವರಿಗೆ ಹಿಡಿಸಿದ್ದು ಅಮೆರಿಕದ ಹಳ್ಳಿಗಾಡಿನ ಕಂಟ್ರಿ ಸಂಗೀತ, ಹ್ಯಾಂಕ್ ವಿಲಿಯಮ್ಸ್ ತರದ್ದು. ಲೀಡ್ಸ್‌ಗೂ ಆ ಸಂಗೀತಕ್ಕೂ ಏನು ಸಂಬಂಧ? ಅಲ್ಲಿನ ಕೌಬಾಯ್ ಟೋಪಿ ಹಾಕಿಕೊಂಡು ಅಲ್ಲಿನ ಹಾಡನ್ನೇ ಹಾಡಿದ್ದರೆ ಅದು ಫ್ಯಾನ್ಸಿ ಡ್ರೆಸ್ ಆಗ್ತಿತ್ತು. ಆದರೆ ಅದೇ ಹೊತ್ತಿಗೆ, 1984-85ರಲ್ಲಿ, ಬ್ರಿಟನ್ನಿನ ಕಲ್ಲಿದ್ದಲು ಗಣಿ ಕಾರ್ಮಿಕರ ದೊಡ್ಡ ಮುಷ್ಕರ ನಡೆದಿತ್ತು. ಈ ಹುಡುಗರು ಆ ಕಾರ್ಮಿಕರಿಗಾಗಿ ಹಾಡಿದರು, 1985ರಲ್ಲಿ 'ಫಿಯರ್ ಆಂಡ್ ವಿಸ್ಕಿ' ಆಲ್ಬಮ್ ತಂದರು. ಧಾಟಿ ಅಮೆರಿಕದ್ದು, ಸಂಕಟ ತಮ್ಮ ಊರಿನದು. ಆಲ್ಟರ್ನೇಟಿವ್ ಕಂಟ್ರಿ ಅಂತ ಇವತ್ತು ಕರೆಯೋ ಸಂಗೀತದ ಶುರುವಿನ ಆಲ್ಬಮ್‌ಗಳಲ್ಲಿ ಅದನ್ನೂ ಎಣಿಸುತ್ತಾರೆ. ಆ ಬ್ಯಾಂಡಿನ ಜಾನ್ ಲ್ಯಾಂಗ್‌ಫರ್ಡ್ ಮುಂದೆ ಶಿಕಾಗೋಗೇ ಹೋಗಿ ನೆಲೆಸಿ, ಆ ಸಂಗೀತ ಹುಟ್ಟಿದ ದೇಶದಲ್ಲೇ ಅದನ್ನು ಹಾಡಿ ಹೆಸರು ಮಾಡಿದರು.

ಧಾಟಿ ಎಲ್ಲಿಂದಾದರೂ ತಗೊಳ್ಳಿ, ಸಂಕಟ ಮಾತ್ರ ಸ್ವಂತದ್ದಿರಲಿ. ಶರೀಫಜ್ಜ ಮಾಡಿದ್ದೂ ಇದನ್ನೇ ಅಲ್ವಾ? ಆತ ಸೋರುವ ಮನೆ ಕಂಡು ಪದ ಕಟ್ಟಿದ, ಗುಡುಗುಡಿ ಸೇದೋದರ ಮೇಲೆ ಪದ ಕಟ್ಟಿದ, ಆ ಕಾಲಕ್ಕೆ ಹೊಸದಾಗಿದ್ದ ಗಿರಣಿ ನೋಡಿ ಅದರ ಮೇಲೂ ಕಟ್ಟಿದ. ಗಿರಣಿ ಅಂದರೆ ಆಗಿನ ಲೇಟೆಸ್ಟ್ ಟೆಕ್ನಾಲಜಿ! ಮೆಕ್ಯಾನಿಕಲ್‌ನವರು ಹೆಮ್ಮೆಪಡಬೇಕು. ಕಣ್ಣ ಮುಂದೆ ಇದ್ದದ್ದರಿಂದಲೇ ಆತ ದೊಡ್ಡ ಮಾತಿಗೆ ಹೋದ.

ನಮ್ಮ ಕಣ್ಣ ಮುಂದೆ ಏನೇನಿದೆ? ಹುಬ್ಬಳ್ಳಿ ಸ್ಟೇಷನ್‌ನಲ್ಲಿ 1507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಇದೆ, ಪ್ರಪಂಚದಲ್ಲೇ ಉದ್ದದ್ದು ಅಂತ 2023ರಲ್ಲಿ ಉದ್ಘಾಟನೆ ಆಯಿತು, ಎಲ್ಲರೂ ಸ್ಟೇಟಸ್ ಹಾಕಿದ್ವಿ. ಪ್ರತಿ ವರ್ಷ ಕೋರ್ಸ್ ಮುಗಿಸಿದವರು ಈ ಸ್ಟೇಷನ್‌ನಿಂದಲೇ ಬ್ಯಾಗ್ ಎತ್ತಿಕೊಂಡು ಬೆಂಗಳೂರಿನ ಟ್ರೇನ್ ಹತ್ತುತ್ತಾರೆ. ಅಷ್ಟು ಉದ್ದದ ಪ್ಲಾಟ್‌ಫಾರ್ಮ್, ಅಷ್ಟು ಜನ ಬಿಟ್ಟು ಹೋಗೋರು. ಅದರ ಮೇಲೆ ನಮ್ಮ ಕ್ಯಾಂಪಸ್ಸಿನವರು ಕಟ್ಟಿದ ಒಂದು ಹಾಡು ನಾನು ಇನ್ನೂ ಕೇಳಿಲ್ಲ. ಚಿಗರಿ ಬಸ್ಸಿನಲ್ಲಿ ಧಾರವಾಡದಿಂದ ದಿನಾ ನಿಂತುಕೊಂಡು ಬರೋರಿದ್ದಾರೆ. ನಾಲ್ಕು ಬ್ಯಾಕ್‌ಲಾಗ್ ಇಟ್ಟುಕೊಂಡು ಮನೆಯಲ್ಲಿ ಹೇಳದೆ ಇರೋರಿದ್ದಾರೆ. ಮಳೆ ಹೋಗಿ ಹತ್ತಿ ಕೆಟ್ಟ ವರ್ಷ ಫೀಸಿಗೆ ಅಪ್ಪನಿಗೆ ಹೆಂಗ ಫೋನ್ ಮಾಡೋದು ಅಂತ ಯೋಚಿಸಿದವರಿದ್ದಾರೆ. ಇವೆಲ್ಲ ಪದ ಆಗೋಕೆ ಲಾಯಕ್ಕಿಲ್ವಾ?

ಇಲ್ಲಿ ಬರೋ ಮೊದಲ ನೆಪ ಭಾಷೆ. "ನಮ್ಮ ಕನ್ನಡ ಅಷ್ಟು ಶುದ್ಧ ಇಲ್ಲೋ." ಇಂಗ್ಲಿಷ್ ಮೀಡಿಯಂನವರಿಗೆ ಬರೆಯೋ ಕನ್ನಡದ ಭಯ, ಈ ಕಡೆಯವರಿಗೆ ಮಾತಾಡೋ ಕನ್ನಡದ ಸಂಕೋಚ. ಸಿನಿಮಾದವರು ನಮ್ಮ ಮಾತನ್ನ ಬಹಳ ಸಲ ಕಾಮಿಡಿ ಸೀನಿಗೆ ಇಟ್ಟು ಇಟ್ಟು, ಸೀರಿಯಸ್ ವಿಷಯ ಬಂದ ತಕ್ಷಣ ನಾವೇ "ಐತಿ" ಬಿಟ್ಟು "ಇದೆ" ಅಂತೀವಿ. (ಈ ಲೇಖನದಲ್ಲೂ ನೋಡ್ರಿ ಬೇಕಾದ್ರ.) ಆದರೆ ಶರೀಫರು ಬರೆದದ್ದು ಇದೇ ಮಾತಿನಲ್ಲಿ. ಬೇಂದ್ರೆ ಅಜ್ಜನಿಗೂ ಧಾರವಾಡದ ಆಡುಮಾತು ಕಾವ್ಯಕ್ಕೆ ಕಡಿಮೆ ಅನಿಸಲಿಲ್ಲ, ಆತನಿಗೆ ಜ್ಞಾನಪೀಠವೇ ಬಂತು. ಮೈಸೂರಿನಲ್ಲಿ ಬೆಳೆದ ಒಬ್ಬ ಹಾಡುಗಾರ ನಮ್ಮ ಕಡೆಯ ಮಾತನ್ನ ಇಂಗ್ಲೆಂಡಿನ ಸ್ಟೇಜ್ ಮೇಲೆ ಗಂಟಲು ಬಿಚ್ಚಿ ಹಾಡ್ತಾನೆ. ನಾವು ಅದನ್ನೇ ನಮ್ಮ ಆಡಿಟೋರಿಯಂನಲ್ಲಿ ಮುಚ್ಚಿಡ್ತೀವಿ. ಇದೆಂಥಾ ಲೆಕ್ಕಾನೋ ಏನೋ.

ಎರಡನೇ ನೆಪ ಹೊಟ್ಟೆಪಾಡು. "ಹಾಡು ಬರೆದರ ಪ್ಲೇಸ್‌ಮೆಂಟ್ ಆಗತೈತೇನು?" ಆಗಲ್ಲ. ನಾನು ಯಾರಿಗೂ ಡಿಗ್ರಿ ಬಿಟ್ಟು ಗಿಟಾರ್ ಹಿಡೀರಿ ಅಂತ ಹೇಳ್ತಿಲ್ಲ. ರಘು ದೀಕ್ಷಿತ್ ಕೆಲಸ ಬಿಟ್ಟರು, ಮೊದಲ ಆಲ್ಬಮ್‌ಗಾಗಿ ವರ್ಷಗಟ್ಟಲೆ ಕಾದರು, ಅದು ಅವರ ಧೈರ್ಯ. ಆದರೆ ಸಿ. ಅಶ್ವಥ್ ಬೆಂಗಳೂರಿನ ಐಟಿಐ ಅಂದರೆ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್‌ನಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ಕೆಲಸ ಮಾಡುತ್ತಲೇ ಸಂಗೀತ ಮಾಡಿದರು. ಟೆಲಿಕಾಂನವರು ಗಮನಿಸಿ. ಒಂದೇ ಶರೀಫಜ್ಜನ ಹತ್ತಿರ ಬಂದವರಲ್ಲಿ ಒಬ್ಬರು ನೌಕರಿ ಬಿಟ್ಟು ಬಂದರು, ಇನ್ನೊಬ್ಬರು ನೌಕರಿ ಮಾಡುತ್ತ ಬಂದರು. ನಮಗೆ ಆಗಬೇಕಾದದ್ದು ಸೆಮಿಸ್ಟರಿಗೆ ಒಂದು ಹಾಡು. ಅದಕ್ಕೆ ರಾಜೀನಾಮೆ ಬೇಡ, ಒಂದು ವೀಕೆಂಡ್ ಸಾಕು.

ಇನ್ನೊಂದು ಮಾತು ಹೇಳದೆ ಮುಂದೆ ಹೋದರೆ ಸರಿ ಆಗಲ್ಲ. 2018ರ ಮೀಟೂ ಹೊತ್ತಿನಲ್ಲಿ ರಘು ದೀಕ್ಷಿತ್ ಮೇಲೆ ಆರೋಪ ಬಂತು, ಅವರು ಸಾರ್ವಜನಿಕವಾಗಿ ಕ್ಷಮೆ ಕೇಳಿದರು. ಅವರನ್ನು ಹೀರೋ ಮಾಡಿ ಪೋಸ್ಟರ್ ಅಂಟಿಸಿ ಅಂತ ನಾನು ಹೇಳ್ತಿಲ್ಲ. ಅವರು ತೋರಿಸಿದ ದಾರಿಯ ಬಗ್ಗೆ ಹೇಳ್ತಿದ್ದೀನಿ. ದಾರಿಯಲ್ಲಿ ನಡೆಯೋಕೆ ಯಾರನ್ನೂ ಪೂಜೆ ಮಾಡಬೇಕಾಗಿಲ್ಲ.

ಈಗ ಫೆಸ್ಟ್ ಕಮಿಟಿಯವರಿಗೆ ನನ್ನ ಡಿಮ್ಯಾಂಡ್. ಬ್ಯಾಂಡ್ ಕಾಂಪಿಟೇಷನ್ ರೂಲ್ಸ್‌ಗೆ ಒಂದೇ ಒಂದು ಸಾಲು ಸೇರಿಸಿ. ಪ್ರತಿ ಟೀಮ್ ಹಾಡೋದರಲ್ಲಿ ಒಂದು ಹಾಡು ಸ್ವಂತದ್ದಿರಬೇಕು, ಅದೂ ಮನೆಯಲ್ಲಿ ಮಾತಾಡೋ ಭಾಷೆಯಲ್ಲಿ. ಕನ್ನಡನೇ ಆಗಬೇಕಂತಿಲ್ಲ. ನಮ್ಮ ಹಾಸ್ಟೆಲ್‌ನಲ್ಲಿ ಉರ್ದು ಇದೆ, ಮರಾಠಿ ಇದೆ, ಕೊಂಕಣಿ ಇದೆ, ಲಂಬಾಣಿ ಇದೆ. ಮಾರ್ಕ್ಸ್‌ನಲ್ಲಿ ಕಾಲು ಭಾಗ ಅದಕ್ಕೇ ಇಡಿ. ಕೀಬೋರ್ಡ್ ಇಲ್ಲದವರು ದಮ್ಮಡಿ ತರಲಿ, ಬೆಂಚ್ ಬಡಿಯಲಿ. ಹಾಡಿದ ಸಾಹಿತ್ಯವನ್ನು ನಮ್ಮ ಕನ್ನಡ ಸಂಘದ ಈ ಪತ್ರಿಕೆಯಲ್ಲೇ ಹಾಕೋಣ, ಕೆಳಗೆ ಬರೆದವರ ಹೆಸರು, ಬ್ರಾಂಚ್ ಸಮೇತ.

"ಮೊದಲ ವರ್ಷ ಎಲ್ಲಾ ಹಾಡು ಕೆಟ್ಟದಾಗಿರ್ತಾವೋ, ಜನ ಎದ್ದು ಪಾನಿಪುರಿ ತಿನ್ನಾಕ ಹೋಗ್ತಾರ" ಅಂತ ಒಬ್ಬ ಫ್ರೆಂಡ್ ಆಗಲೇ ಹೇಳಿದ. ಇರಬಹುದು. ಮೊದಲನೇ ಸೆಮ್‌ನಲ್ಲಿ ನಾವು ಬರೆದ ಸಿ ಪ್ರೋಗ್ರಾಂ ಎಷ್ಟು ಎರರ್ ಕೊಟ್ಟಿತ್ತು ಅಂತ ನೆನಪು ಮಾಡಿಕೊಳ್ಳಿ. ಯಾರೂ ಅದಕ್ಕೆ ಕೋಡ್ ಬರೆಯೋದೇ ಬಿಡಲಿಲ್ಲ. ಕೆಟ್ಟ ಹಾಡು ಬರಲಿ, ನಾವು ಕೂತು ಕೇಳೋಣ. ಅದರ ಮುಂದಿನ ವರ್ಷ ಸ್ವಲ್ಪ ಕಡಿಮೆ ಕೆಟ್ಟದ್ದು ಬರುತ್ತದೆ. ಆ ಪ್ಲಾಟ್‌ಫಾರ್ಮಿನ ಮೇಲೆ ನಿಲ್ಲೋ ಸರದಿ ನಮಗೂ ಇನ್ನು ಎರಡು ವರ್ಷಕ್ಕೆ ಬರ್ತದ. ಅಷ್ಟರೊಳಗೆ ಅದರ ಮೇಲೆ ಒಬ್ಬರಾದರೂ ಹಾಡು ಕಟ್ಟಿರಲಿ, ಹೋಗುವಾಗ ಬಾಯಲ್ಲಿ ಒಯ್ಯೋಕೆ.