ನಮ್ಮ ಮನೆಗೊಂದು ಪುಣೇರಿ ಪಾಟಿ

ಸದಾಶಿವ ಪೇಠದಲ್ಲಿ ನಾನಿರುವ ಕಟ್ಟಡದ ಮೆಟ್ಟಿಲ ಬುಡದಲ್ಲಿ ಒಂದು ಹಲಗೆಯಿದೆ. ‘ಮಧ್ಯಾಹ್ನ 1ರಿಂದ 4ರವರೆಗೆ ಬೆಲ್ ಒತ್ತಬಾರದು. ಒತ್ತಿದರೆ ಬಾಗಿಲು ತೆರೆಯುವುದಿಲ್ಲ. ತೆರೆದರೆ ಬೈಗುಳ ತಪ್ಪಿದ್ದಲ್ಲ’ ಎಂದು ಮರಾಠಿಯಲ್ಲಿ ಬರೆದಿದೆ. ಬರೆಸಿದವರು ನೆಲಮಹಡಿಯ ಕಾಕು, ಎಪ್ಪತ್ತು ದಾಟಿದವರು. ಪುಣೆಯವರಿಗೆ ಇದರಲ್ಲಿ ವಿಶೇಷವೇನಿಲ್ಲ. ‘ಪುಣೇರಿ ಪಾಟಿ’ ಎನ್ನುವುದು ಈ ಊರಿನ ಒಂದು ಸಾಹಿತ್ಯ ಪ್ರಕಾರವೇ ಸರಿ. ಪೇಠಗಳ ಹಳೇ ಬೀದಿಗಳಲ್ಲಿ ಗೇಟಿಗೆ, ಗೋಡೆಗೆ, ಅಂಗಡಿಯ ಗಲ್ಲಾದ ಮೇಲೆ ಅದು ನೇತಾಡುತ್ತಿರುತ್ತದೆ. ಕಾಕು ತಮ್ಮ ಎರಡು ಕೋಣೆಗಳನ್ನು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗಿಯರಿಗೆ ಕಾಟ್ ಲೆಕ್ಕದಲ್ಲಿ ಬಾಡಿಗೆಗೆ ಕೊಟ್ಟಿದ್ದಾರೆ. ಅಂದರೆ ಅವರೂ ದುಡ್ಡು ತೆಗೆದುಕೊಂಡು ಮನೆಯೊಳಗೆ ಪರರನ್ನು ಬಿಟ್ಟುಕೊಂಡವರೇ. ಆದರೆ ಮಧ್ಯಾಹ್ನದ ನಿದ್ದೆಯನ್ನು ಮಾತ್ರ ಯಾರಿಗೂ ಮಾರಿಲ್ಲ.

ಈ ಊರಿಗೆ ಬಂದ ಹೊಸತರಲ್ಲಿ ಆ ಹಲಗೆ ನೋಡಿ ನಗುತ್ತಿದ್ದೆ. ‘ನಮ್ಮ ಕಡೆ ಹೀಗಿಲ್ಲಪ್ಪ, ಬಂದವರಿಗೆ ಮೊದಲು ಬೆಲ್ಲ ನೀರು’ ಎಂದು ಆಫೀಸಿನಲ್ಲಿ ಜಂಬ ಕೊಚ್ಚಿಕೊಂಡದ್ದೂ ಇದೆ. ಕಳೆದ ಅಕ್ಟೋಬರಿನಲ್ಲಿ ಅದರ ಫೋಟೋ ತೆಗೆದು ಶಿರಸಿಯ ಅಣ್ಣನಿಗೆ ಕಳಿಸಿದೆ. ‘ಇಂಥದ್ದೊಂದು ನಮ್ಮ ಗೇಟಿಗೂ ಹಾಕು’ ಎಂದೆ. ಯಾಕೆ ಹಾಗೆಂದೆ ಅನ್ನುವುದಕ್ಕೇ ಈ ಬರಹ. ಇದನ್ನು ಓದುವವರಲ್ಲಿ ನನ್ನಂಥವರು ಬಹಳ ಜನ ಇದ್ದೀರಿ, ಸಿಟ್ಟು ಬಂದರೆ ಬರಲಿ.

ನಮ್ಮದು ಶಿರಸಿ ಸೀಮೆಯಲ್ಲಿ ಎರಡು ಎಕರೆ ಅಡಿಕೆ ತೋಟ, ಅದಕ್ಕೆ ಸೇರಿದ ಸೊಪ್ಪಿನಬೆಟ್ಟ, ಒಂದು ಹಳೇ ಹಂಚಿನ ಮನೆ. ಅಜ್ಜ ಗೇಣಿ ಕೊಡುತ್ತಿದ್ದ ತೋಟವದು. ದೇವರಾಜ ಅರಸರ ಕಾಲದ 1974ರ ತಿದ್ದುಪಡಿಯಾದ ಮೇಲೆ ಡಿಕ್ಲರೇಷನ್ ಕೊಟ್ಟು ತನ್ನದಾಗಿಸಿಕೊಂಡ. ಅಪ್ಪಯ್ಯ ಅದರಲ್ಲೇ ನಮ್ಮನ್ನು ಓದಿಸಿದರು. ನಾನು ಎಂಟೆಕ್ ಮುಗಿಸಿ ಪುಣೆಗೆ ಬಂದೆ, ಅಣ್ಣ ಉಳಿದ. ‘ಉಳಿದ’ ಎಂದು ಎಷ್ಟು ಸಲೀಸಾಗಿ ಬರೆಯುತ್ತೇವೆ ನೋಡಿ, ಪರೀಕ್ಷೆಯಲ್ಲಿ ನಪಾಸಾಗಿ ಹಿಂದುಳಿದ ಹಾಗೆ.

2018ರಲ್ಲಿ ಹೋಂಸ್ಟೇ ಮಾಡುವ ಐಡಿಯಾ ಕೊಟ್ಟವನು ನಾನು. ಅಡಿಕೆ ದರ ಮೇಲೆ ಕೆಳಗೆ ಆಡುತ್ತದೆ, ಕೊನೆ ಕೊಯ್ಯಲು ಆಳು ಸಿಗುವುದಿಲ್ಲ, ಮನೆಯಲ್ಲಿ ಮೂರು ಕೋಣೆ ಖಾಲಿ. ಪ್ರಾಜೆಕ್ಟ್ ಮ್ಯಾನೇಜರಿಗೆ ಇನ್ನೇನು ಬೇಕು? ಒಂದು ಶನಿವಾರ ಕೂತು ಎಕ್ಸೆಲ್ ಶೀಟ್ ಮಾಡಿದೆ. ಮೂರು ಕೋಣೆ, ತಲೆಗೆ ಇಷ್ಟು, ವರ್ಷಕ್ಕೆ ಇಷ್ಟು ದಿನ, ಸ್ನಾನದಮನೆಗೆ ಟೈಲ್ಸು, ಸೋಲಾರ್ ಹೀಟರ್, ಬ್ಯಾಂಕಿನ ಕಂತು. ನಾಲ್ಕು ವರ್ಷದಲ್ಲಿ ಹಾಕಿದ್ದು ವಾಪಸು. ಶೀಟು ಚೆನ್ನಾಗಿತ್ತು, ಈಗಲೂ ನನ್ನ ಬಳಿ ಇದೆ. ಅದರಲ್ಲಿ ಜರ್ಸಿ ಹಸುವಿನ ಹಿಂಡಿಗೂ ಒಂದು ಸಾಲಿದೆ. ಅತ್ತಿಗೆಗೆ ಇಲ್ಲ.

ಆರು ಜನರಿಗೆ ಬೆಳಗ್ಗೆ ದೋಸೆ, ಹತ್ತೂವರೆಗೆ ಕಷಾಯ, ಮಧ್ಯಾಹ್ನ ತಂಬುಳಿ, ಅಪ್ಪೆಹುಳಿ, ಗೊಜ್ಜು, ಸಂಜೆ ಬಾಳೆಕಾಯಿ ಪೋಡಿ, ರಾತ್ರಿ ಮತ್ತೆ ಊಟ, ಹಾಸಿಗೆಯ ಹೊದಿಕೆ ಒಗೆಯುವುದು, ನಡುನಡುವೆ ‘ಆಂಟಿ, ಇದರ ರೆಸಿಪಿ ಹೇಳಿ’ ಎಂದು ಮೊಬೈಲ್ ಹಿಡಿದವರೆದುರು ನಿಲ್ಲುವುದು. ನಾನದನ್ನು ‘ಮನೆ ಊಟ’ ಎಂದು ಒಂದೇ ಖಾನೆಯಲ್ಲಿ ಹಾಕಿ, ವೆಚ್ಚದ ಕಡೆ ಅಕ್ಕಿ, ಬೇಳೆ, ಗ್ಯಾಸು ಎಂದು ಬರೆದಿದ್ದೆ. ನನ್ನ ಕಂಪನಿಯಲ್ಲಿ ಯಾರಾದರೂ ಒಬ್ಬ ಮನುಷ್ಯಳ ದಿನಕ್ಕೆ ಹದಿನಾಲ್ಕು ಗಂಟೆಯ ದುಡಿಮೆಯನ್ನು ಎಸ್ಟಿಮೇಟಿನಿಂದ ಬಿಟ್ಟು ಶೀಟು ತಂದಿದ್ದರೆ ಅದನ್ನು ಅವನ ಮುಖಕ್ಕೇ ಎಸೆಯುತ್ತಿದ್ದೆ.

ಇನ್ನು ತೋಟದ ಮಾತು. ಅಡಿಕೆಗೂ ಪ್ರವಾಸಿಗೂ ಕ್ಯಾಲೆಂಡರಿನಲ್ಲೇ ಜಗಳವಿದೆ. ಡಿಸೆಂಬರಿನಲ್ಲಿ ಶಾಲೆಗೆ ರಜೆ, ಆಫೀಸಿನಲ್ಲಿ ಉಳಿದ ಲೀವ್ ಖರ್ಚು ಮಾಡುವ ಕಾಲ, ಹೊಸ ವರ್ಷ. ನಮ್ಮ ಕಡೆ ಅದೇ ಕೊನೆಕೊಯ್ಲಿನ ಕಾಲ. ಕೊನೆಗೌಡ ಯಾವ ದಿನ ಬರುತ್ತೇನೆ ಎನ್ನುತ್ತಾನೋ ಆ ದಿನವೇ ಕೊಯ್ಲು, ನಮ್ಮ ಬುಕಿಂಗ್ ನೋಡಿಕೊಂಡು ಅವನು ಮರ ಹತ್ತುವುದಿಲ್ಲ. ಕೆಂಪಡಿಕೆಗೆ ಕೊಯ್ದ ಹಸಿಕಾಯಿಯನ್ನು ಇಟ್ಟುಕೊಂಡು ಕೂರುವಂತಿಲ್ಲ. ಸುಲಿಯಬೇಕು, ಬೇಯಿಸಬೇಕು, ಒಣಗಿಸಬೇಕು. ಸುಲಿಯಲು ಬಂದವರಿಗೆ ರಾತ್ರಿ ಊಟ, ಚಹಾ ಆಗಬೇಕು. ಆ ಹೊತ್ತಿಗೆ ಜಗಲಿಯಲ್ಲಿ ಕೂತ ಅತಿಥಿಗಳಿಗೆ ಕ್ಯಾಂಪ್‌ಫೈರ್ ಬೇಕು. ಅಡಿಕೆ ಬೇಯಿಸುವ ಒಲೆಯ ಎದುರೇ ನಿಂತು ‘ಇಲ್ಲಿ ಕ್ಯಾಂಪ್‌ಫೈರ್ ಇಲ್ಲವಾ’ ಎಂದು ಕೇಳಿದವರನ್ನು ನಾನೇ ನೋಡಿದ್ದೇನೆ.

ಮಳೆಗಾಲವಂತೂ ಕೇಳಲೇಬೇಡಿ. ಮಳೆ ನೋಡಲೆಂದೇ ಮಲೆನಾಡಿಗೆ ಬರುವವರ ದೊಡ್ಡ ಪಂಗಡವಿದೆ, ಪುಣೆಯವರೂ ಅದರಲ್ಲಿದ್ದಾರೆ. ಕೊಳೆರೋಗ ಬರುವುದೂ ಅದೇ ಮಳೆಗೆ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಸೇರಿಸಿ ಬೋರ್ಡೋ ದ್ರಾವಣ ಮಾಡಿ, ಮುಂಗಾರು ಹಿಡಿಯುವ ಮುಂಚೆ ಒಮ್ಮೆ ಕೊನೆಗಳಿಗೆ ಹೊಡೆಯಬೇಕು, 40–45 ದಿನಕ್ಕೆ ಮತ್ತೊಮ್ಮೆ. ಆ ಎರಡನೆಯ ಮದ್ದಿಗೆ ಮಳೆ ಒಂದರ್ಧ ದಿನ ಬಿಡುವು ಕೊಟ್ಟರೆ ಅದೇ ಪುಣ್ಯ. ಎರಡು ವರ್ಷದ ಹಿಂದೆ ಅಂಥ ಒಂದು ಬಿಡುವಿನ ಬೆಳಗ್ಗೆ ಅಣ್ಣ ಅತಿಥಿಗಳನ್ನು ಜಲಪಾತಕ್ಕೆ ಕರೆದುಕೊಂಡು ಹೋಗಿದ್ದ. ಮುಂಗಡ ಕೊಟ್ಟಿದ್ದರಲ್ಲ, ಹೋಗಲೇಬೇಕಿತ್ತು. ಮತ್ತೆ ಮಳೆ ಬಿಟ್ಟದ್ದು ಹತ್ತು ದಿನದ ಮೇಲೆ. ಅಷ್ಟರಲ್ಲಿ ಕೆಳಗಿನ ಭಾಗದ ಮರಗಳ ಬುಡದಲ್ಲೆಲ್ಲ ಹಸಿರು ಕಾಯಿ ಉದುರಿ ಬಿದ್ದಿತ್ತು.

ಅದೇ ವಾರ ಅಣ್ಣನ ಫೋನು. ‘ಮೂರು ಸ್ಟಾರು ಬಂಜು ತಮಾ. ಎಂತ ಮಾಡವು?’ ತೆರೆದು ಓದಿದೆ. ಜಾಗ ಚೆಂದ, ಊಟ ಚೆಂದ, ಆದರೆ ಮನೆಯವರ ಮುಖದಲ್ಲಿ ನಗುವಿರಲಿಲ್ಲ, ಮನೆಯೊಡತಿ ಮಾತೇ ಆಡಲಿಲ್ಲ ಎಂದು ಬರೆದಿದ್ದರು. ವರ್ಷದ ಬೆಳೆ ಕೊಳೆತು ಬಿದ್ದವರ ಮನೆಯಲ್ಲಿ ಕೂತು ಉಂಡು, ನಗುವಿಗೆ ಎರಡು ಸ್ಟಾರು ಕತ್ತರಿಸಿ ಹೋಗಿದ್ದರು. ಅವರನ್ನು ಬೈದು ಏನು ಮಾಡಲಿ? ನಗುವೂ ಪ್ಯಾಕೇಜಿನಲ್ಲಿ ಸೇರಿದೆ ಎಂದು ವೆಬ್‌ಸೈಟಿನಲ್ಲಿ ಬರೆದವನು ನಾನೇ.

ಕೃಷಿ ಪ್ರವಾಸದಿಂದ ಸಣ್ಣ ರೈತ ಉಳಿಯುತ್ತಾನೆ ಎಂಬ ಮಾತನ್ನು ಪುಣೆಯಲ್ಲಿ ಇರುವವರು ಬಹಳ ಕೇಳಿರುತ್ತೀರಿ. ಈ ಕೆಲಸ ಮಹಾರಾಷ್ಟ್ರದಲ್ಲಿ ಗಟ್ಟಿಯಾಗಿ ಶುರುವಾದದ್ದೇ ಈ ಜಿಲ್ಲೆಯ ಬಾರಾಮತಿಯಿಂದ. 2005ರ ಸುಮಾರಿಗೆ ಪಾಂಡುರಂಗ ತಾವರೆಯವರು ಪಳಶಿವಾಡಿಯಲ್ಲಿ ಮೊದಲ ಪ್ರಯೋಗ ಮಾಡಿದರು. 2020ರಲ್ಲಿ ರಾಜ್ಯ ಸರ್ಕಾರ ಕೃಷಿ ಪ್ರವಾಸೋದ್ಯಮಕ್ಕೆಂದೇ ಒಂದು ನೀತಿ ತಂದಿತು. ಇದರಿಂದ ಬದುಕು ಕಟ್ಟಿಕೊಂಡವರಿದ್ದಾರೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಪಳಶಿವಾಡಿಯ ಆ ಪ್ರಯೋಗ ನಡೆದದ್ದು 28 ಎಕರೆಯಲ್ಲಿ. ಎರಡು ಎಕರೆಯವನಿಗೆ ಅದನ್ನು ಮಾದರಿಯೆಂದು ತೋರಿಸುವವರು ನೂರು ಜನರ ಟೀಮಿನ ಪ್ಲಾನನ್ನು ಇಬ್ಬರ ತಲೆಗೆ ಕಟ್ಟುವ ಮ್ಯಾನೇಜರಿನ ಹಾಗೆ ಕಾಣುತ್ತಾರೆ.

ಇಲ್ಲಿನ ಚಳಿಗಾಲದ ಹುರ್ಡಾ ಪಾರ್ಟಿಗೆ ನೀವೂ ಹೋಗಿರಬಹುದು. ಎಳೆ ಜೋಳದ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಕೈಯಲ್ಲಿ ಉಜ್ಜಿ, ಬೆಲ್ಲ, ಶೇಂಗಾ ಚಟ್ನಿ ಜೊತೆ ಕೊಡುತ್ತಾರೆ. ಬಿಜಾಪುರ, ಕಲಬುರಗಿ ಕಡೆಯ ಗೆಳೆಯರಿಗೆ ಇದು ಸೀತನಿ. ಅವರಲ್ಲಿ ಸೀತನಿಗೆ ಕರೆಯುವುದೆಂದರೆ ನೆಂಟಸ್ತಿಕೆ, ಇವತ್ತು ನಮ್ಮ ಹೊಲದಲ್ಲಿ ನೀವು, ನಾಳೆ ನಿಮ್ಮ ಹೊಲದಲ್ಲಿ ನಾವು. ಶಿರೂರಿನ ಆಚೆಯ ಒಂದು ಹೊಲಕ್ಕೆ ನಮ್ಮ ಟೀಮು ಹೋದಾಗ ಟಿಕೆಟ್ಟು, ಕೈಗೆ ಬಣ್ಣದ ಪಟ್ಟಿ, ಎತ್ತಿನಗಾಡಿಯಲ್ಲಿ ಒಂದು ಸುತ್ತು, ಡಿಜೆ ಎಲ್ಲ ಇತ್ತು. ನಮ್ಮ ಕಲಬುರಗಿಯ ಹುಡುಗನೊಬ್ಬ ತೆನೆ ಉಜ್ಜುತ್ತಿದ್ದ ಅಜ್ಜನನ್ನು ಕೇಳಿದ, ಜೋಳ ನಿಮ್ಮ ಹೊಲದ್ದಾ ಎಂದು. ಕೊಂಡು ತಂದದ್ದು ಎಂದ ಅಜ್ಜ. ಹೊಲದಲ್ಲಿ ಪಾರ್ಕಿಂಗ್ ಇತ್ತು.

ನನಗೆ ಭಯ ಹುಟ್ಟಿದ್ದು ಅಲ್ಲಿ. ಅತಿಥಿಯ ದುಡ್ಡು ಬೆಳೆಯ ದುಡ್ಡನ್ನು ದಾಟಿದ ದಿನ ಬೆಳೆ ಸೆಟ್ಟಿಂಗ್ ಆಗುತ್ತದೆ. ಮದ್ದು ಹೊಡೆಯುವುದು ನಾಳೆಗೆ ಹೋಗುತ್ತದೆ, ಕಂಬಳದ ಕೋಣದಂತೆ ತೋರಿಸಲೊಂದು ಎತ್ತು ಸಾಕುತ್ತೇವೆ, ಗದ್ದೆ ಇದ್ದಲ್ಲಿ ಈಜುಕೊಳ ಬರುತ್ತದೆ. ಆಮೇಲೊಂದು 2020 ಬರುತ್ತದೆ. ಆ ವರ್ಷ ನಮ್ಮ ಮೂರೂ ಕೋಣೆಗೆ ತಿಂಗಳುಗಟ್ಟಲೆ ಬೀಗ, ಬ್ಯಾಂಕಿನ ಕಂತಿಗೆ ಬೀಗವಿಲ್ಲ. ಆಗ ಮನೆ ನಡೆಸಿದ್ದು ಆ ಎರಡು ಎಕರೆ ಅಡಿಕೆಯೇ.

ಇಟಲಿಯವರು ಈ ಅಪಾಯವನ್ನು ಮೊದಲೇ ಕಂಡಿದ್ದರು. ಅಲ್ಲಿಯ 1985ರ ‘ಅಗ್ರಿತುರಿಸ್ಮೊ’ ಕಾನೂನು ರೈತನಿಗೆ ಅತಿಥಿಗಳನ್ನು ಇಟ್ಟುಕೊಳ್ಳಲು ಬಿಟ್ಟಿತು, ಆದರೆ ಬೇಸಾಯವೇ ಮುಖ್ಯ ಕಸುಬಾಗಿರಬೇಕು, ಅತಿಥಿಸೇವೆ ಅದಕ್ಕೆ ಪೂರಕವಾಗಿರಬೇಕು ಎಂದೂ ಹೇಳಿತು. 2006ರಲ್ಲಿ ಅದರ ಜಾಗಕ್ಕೆ ಬಂದ ಕಾನೂನಿನಲ್ಲೂ ಈ ತತ್ವ ಉಳಿದಿದೆ. ಕರ್ನಾಟಕ ಅದೇ 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ತೆಗೆದುಹಾಕಿತು, ಬೇಸಾಯಗಾರರಲ್ಲದವರೂ ಜಮೀನು ಕೊಳ್ಳಬಹುದೆಂದಾಯಿತು. ಆಗಿನಿಂದ ‘ನಿಮ್ಮೂರಲ್ಲಿ ಎರಡೆಕರೆ ಇದ್ದರೆ ಹೇಳಿ ಸಾರ್, ಫಾರ್ಮ್‌ಸ್ಟೇ ಮಾಡೋಣ’ ಎಂದು ನನ್ನನ್ನು ಕೇಳಿದ ಸಹೋದ್ಯೋಗಿಗಳಲ್ಲಿ ಒಬ್ಬನೂ ಅಲ್ಲಿ ಏನು ಬೆಳೆಯುತ್ತದೆ ಎಂದು ಕೇಳಲಿಲ್ಲ. ಅಜ್ಜ ಉಳುಮೆಯ ಹಕ್ಕಿನಿಂದ ಪಡೆದ ತೋಟದ ಪಕ್ಕದಲ್ಲಿ ನಾಳೆ ಇವರ ಬೇಲಿ ಬರಲಿದೆ.

ಆದರೂ ನನ್ನ ದೊಡ್ಡ ಜಗಳ ಸರ್ಕಾರದ ಜೊತೆಗಲ್ಲ, ನಮ್ಮ ಜೊತೆಗೇ. ಊರು ಬಿಟ್ಟ ನಾವು ಊರಲ್ಲಿರುವವರಿಗೆ ಸಲಹೆ ಕೊಡುವುದರಲ್ಲಿ ಎಂದೂ ಜಿಪುಣತನ ಮಾಡಿದವರಲ್ಲ. ಹೋಂಸ್ಟೇ ಮಾಡು, ವೆನಿಲ್ಲಾ ಹಾಕು, ಯೂಟ್ಯೂಬ್ ಚಾನೆಲ್ ಶುರು ಮಾಡು. ಇದೆಲ್ಲ ಕೊಡುವುದರ ಬದಲಿಗೆ ಹೇಳುವುದು. ಒಂದು ಪ್ರಶ್ನೆ ಕೇಳುತ್ತೇನೆ. ಊರಿನ ಜಮೀನಿನ ಪಹಣಿಯಲ್ಲಿ ನಿಮ್ಮ ಹೆಸರು ಇನ್ನೂ ಇದೆಯೇ? ನನ್ನದಿದೆ. ಅಪ್ಪಯ್ಯ ತೀರಿಕೊಂಡ ಮೇಲೆ ಅಣ್ಣ, ನಾನು, ತಂಗಿ, ಮೂವರ ಹೆಸರೂ ಬಂತು. ಸಂಘದಲ್ಲಿ ದೊಡ್ಡ ಸಾಲ ಎತ್ತಬೇಕಾದರೆ ಅಣ್ಣನಿಗೆ ನಮ್ಮಿಬ್ಬರ ಸಹಿ ಬೇಕು. ಬಾವಿ ತೆಗೆಸಲು, ಹೊಸ ಸಸಿ ಇಡಲು ಅವನು ಹಿಂದೆಮುಂದೆ ನೋಡುತ್ತಾನೆ, ನಾಳೆ ಪಾಲು ಕೇಳಿದರೆ ಯಾವ ಭಾಗ ಯಾರಿಗೋ ಎಂದು. ತೋಟದ ಮೇಲೆ ಅವನಿಗೆ ಭರವಸೆಯಿಲ್ಲದಂತೆ ಮಾಡಿ, ಕೋಣೆಗಳ ಮೇಲೆ ಸಾಲ ಮಾಡಿಸಿದ್ದು ನಾನು. ಹಕ್ಕುಬಿಡುಗಡೆ ಪತ್ರದ ಕರಡು ಮೂರು ತಿಂಗಳಿಂದ ನನ್ನ ಲ್ಯಾಪ್‌ಟಾಪಿನಲ್ಲಿದೆ. ಪುಣೆಯ ಮನೆಸಾಲ, ಮಗಳ ಕಾಲೇಜು, ಹೆಂಡತಿಯ ಜೊತೆ ಮುಗಿಯದ ಮಾತು, ಎಲ್ಲ ಸೇರಿ ಸಹಿ ಬಿದ್ದಿಲ್ಲ. ಅದನ್ನು ಮುಚ್ಚಿಟ್ಟು ಉಳಿದದ್ದನ್ನೆಲ್ಲ ಬರೆದಿದ್ದರೆ ಸುಳ್ಳಾಗುತ್ತಿತ್ತು.

ಹೋಂಸ್ಟೇ ಮುಚ್ಚಿಬಿಡೋಣ ಎಂದು ಹೋದ ವರ್ಷ ನಾನೇ ಹೇಳಿದೆ. ಮತ್ತೊಂದು ಸಲಹೆ! ಅತ್ತಿಗೆ ಒಪ್ಪಲಿಲ್ಲ. ಎರಡು ವರ್ಷದಿಂದ ಅತಿಥಿಗಳ ದುಡ್ಡು ಅವರ ಹೆಸರಿನ ಖಾತೆಗೇ ಬರುತ್ತದೆ, ಇದು ತಂಗಿ ಜಗಳ ಮಾಡಿ ಮಾಡಿಸಿದ್ದು. ಮದುವೆಯಾಗಿ ಇಪ್ಪತ್ತು ವರ್ಷಕ್ಕೆ ತನ್ನದೆಂಬ ದುಡ್ಡು ಕಂಡ ಹೆಂಗಸಿಗೆ ಅದನ್ನು ಬಿಡು ಎನ್ನಲು ನಾನ್ಯಾರು? ಬರುವವರಲ್ಲಿ ಅವರಿಗೆ ಇಷ್ಟವಾದವರೂ ಇದ್ದಾರೆ. ಒಬ್ಬ ನಿವೃತ್ತ ಟೀಚರು ಪ್ರತಿ ವರ್ಷ ಬಂದು ಹಪ್ಪಳ ಒತ್ತಲು ಕೂರುತ್ತಾರೆ. ಅತ್ತಿಗೆಗೆ ಬೇಕಿದ್ದದ್ದು ಬೇಡವೆನಿಸಿದ ದಿನ ಬಾಗಿಲು ಹಾಕಿಕೊಳ್ಳುವ ಅಧಿಕಾರ. ಕಾಕುವಿಗೆ ಇರುವಂಥದ್ದು.

ಹಾಗಾಗಿ ಹಲಗೆ ಬಂತು. ಅಣ್ಣ ಬರೆಸಿದ್ದು, ಪುಣೆಯ ಖಾರ ಅದರಲ್ಲಿಲ್ಲ, ನಮ್ಮ ಕಡೆಯವರಿಗೆ ಅಷ್ಟು ಬಾಯಿ ಬರುವುದಿಲ್ಲ. ‘ಕೊನೆಕೊಯ್ಲು ಮುಗಿಯುವವರೆಗೆ ಮತ್ತು ಮದ್ದು ಹೊಡೆಯುವ ದಿನಗಳಲ್ಲಿ ಅತಿಥಿಗಳಿಗೆ ಜಾಗವಿಲ್ಲ’ ಎಂದಿದೆ. ಅದರ ಕೆಳಗೆ ಅತ್ತಿಗೆ ಸುಣ್ಣದ ಕಡ್ಡಿಯಲ್ಲಿ ಸೇರಿಸಿದ್ದಾರೆ: ‘ಅಡಿಕೆ ಸುಲಿಯಲು ಬಂದವರಿಗೆ ಊಟ ಇದೆ.’ ಬುಕಿಂಗ್ ಸೈಟಿನಲ್ಲಿ ಡಿಸೆಂಬರ್ ಪೂರ್ತಿ ಕೆಂಪು ಬಣ್ಣ ಹಾಕಿದ್ದು ನಾನು. ಒಂದು ಕಂತಿನಷ್ಟು ದುಡ್ಡು ಹೋಯಿತು, ಅದನ್ನು ನಾನೇ ಕಟ್ಟಿದೆ.

ಕ್ರಿಸ್ಮಸ್ ರಜೆಗೆ ನಾವು ಮೂವರೂ ಬರುತ್ತೇವೆ ಎಂದು ಹೇಳಲು ಮೊನ್ನೆ ಫೋನ್ ಮಾಡಿದ್ದೆ. ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು, ನಗುತ್ತ ಕೇಳಿದ. ‘ಬೋರ್ಡು ಓದಿದ್ಯ ತಮಾ? ನೀನು ಯಾವ ಲೆಕ್ಕದಲ್ಲಿ ಬತ್ತೆ?’

ಮಗಳಿಗೆ ಮೆಟ್ಟುಗತ್ತಿಯ ಮೇಲೆ ಕೂರಲು ಬರುವುದಿಲ್ಲ. ನನಗೆ ಒಂದು ಕಾಲದಲ್ಲಿ ಬರುತ್ತಿತ್ತು.