ಅಗ್ಗದ ಬೆಲೆಯ ಬಾಕಿ ಬಿಲ್ಲು ಯಾರ ಹೆಸರಿಗೆ?

ಒಂದು ಗ್ಯಾಲನ್, ಅಂದರೆ ಹೆಚ್ಚೂಕಡಿಮೆ 3.8 ಲೀಟರ್ ಸೌತೆಕಾಯಿ ಉಪ್ಪಿನಕಾಯಿ. ಬೆಲೆ 2 ಡಾಲರ್ 97 ಸೆಂಟ್. 1990ರ ದಶಕದ ಕೊನೆಯಲ್ಲಿ ಅಮೆರಿಕದ ವಾಲ್‌ಮಾರ್ಟ್ ಅಂಗಡಿಗಳಲ್ಲಿ ಈ ಜಾಡಿಗಳನ್ನು ಗುಡ್ಡೆ ಹಾಕಿ ಮಾರಿದರು. ಒಂದು ಸಂಸಾರ ಅಷ್ಟನ್ನು ತಿಂದು ಮುಗಿಸುವುದುಂಟೇ? ಅರ್ಧ ಬೂಸ್ಟು ಹಿಡಿದು ತಿಪ್ಪೆಗೆ ಹೋಗುತ್ತಿತ್ತು. ಆದರೂ ಜನ ಹೊತ್ತುಕೊಂಡು ಹೋದರು. ಯಾಕೆ? ಅಗ್ಗ ಸ್ವಾಮಿ, ಅಗ್ಗ!

ಈಗ ಆ ಜಾಡಿ ತುಂಬಿಸಿಕೊಟ್ಟ ವ್ಲಾಸಿಕ್ ಕಂಪನಿಯ ಗತಿ ಕೇಳಿ. ಅಮೆರಿಕದಲ್ಲಿ ಮನೆಮಾತಾದ ಹೆಸರು ಅದು. ಒಂದು ಜಾಡಿಗೆ ಅದಕ್ಕೆ ಉಳಿಯುತ್ತಿದ್ದದ್ದು ಒಂದೋ ಎರಡೋ ಸೆಂಟ್. ದೊಡ್ಡ ಜಾಡಿ ಮನೆಗೆ ಬಂದ ಮೇಲೆ, ನಿಜವಾಗಿ ಲಾಭ ಕೊಡುತ್ತಿದ್ದ ಸಣ್ಣ ಬಾಟಲಿಗಳನ್ನು ಕೇಳುವವರು ಕಡಿಮೆಯಾದರು. ಸ್ವಲ್ಪ ಬೆಲೆ ಏರಿಸಿ ಎಂದು ಕಂಪನಿ ಗೋಗರೆದರೆ, ಹಾಗಿದ್ದರೆ ನಿಮ್ಮ ಬೇರೆ ಸರಕೂ ನಮಗೆ ಬೇಡ ಎಂಬ ಬೆದರಿಕೆ ಬಂತು. ವ್ಯಾಪಾರದ ಮೂರರಲ್ಲಿ ಒಂದು ಪಾಲಿನಷ್ಟು ಒಬ್ಬನೇ ಗಿರಾಕಿಯ ಕೈಯಲ್ಲಿದ್ದಾಗ ಎದುರು ಮಾತಾಡುವುದು ಹೇಗೆ? ಪತ್ರಕರ್ತ ಚಾರ್ಲ್ಸ್ ಫಿಶ್‌ಮನ್ 2003ರಲ್ಲಿ ಇದನ್ನೆಲ್ಲ ಬಯಲಿಗೆಳೆದ. ಅಷ್ಟರಲ್ಲಿ, 2001ರ ಜನವರಿಯಲ್ಲೇ, ವ್ಲಾಸಿಕ್ ದಿವಾಳಿ ಅರ್ಜಿ ಹಾಕಿಯಾಗಿತ್ತು. ಜಾಡಿಯೊಂದೇ ಕಾರಣವಲ್ಲ, ಅದರ ತಲೆ ಮೇಲೆ ಭಾರೀ ಸಾಲವೂ ಇತ್ತು. ಆದರೆ ಸಾಲ ತೀರಿಸಲು ಲಾಭ ಬೇಕಲ್ಲ?

ನಾನು ಪ್ರೆಸ್ಸು ನಡೆಸುವವನು. ಬಿಲ್ ಬುಕ್ಕು, ಕರಪತ್ರ, ಲಗ್ನಪತ್ರಿಕೆ ಅಚ್ಚು ಹಾಕಿ ಬದುಕುವವನಿಗೆ ಈ ಕಥೆ ಅರ್ಥ ಮಾಡಿಕೊಳ್ಳಲು ಅಮೆರಿಕಕ್ಕೆ ಹೋಗಬೇಕಾಗಿಲ್ಲ. ದೊಡ್ಡ ಪಾರ್ಟಿ ಬರುತ್ತಾನೆ. ಮೊದಲ ವರ್ಷ ಕೈತುಂಬ ಕೆಲಸ. ಅವನನ್ನು ನಂಬಿ ಸಾಲ ಮಾಡಿ ಮೆಷಿನ್ ತರುತ್ತೀರಿ, ಇಬ್ಬರು ಹುಡುಗರನ್ನು ಸೇರಿಸಿಕೊಳ್ಳುತ್ತೀರಿ, ಸಣ್ಣಪುಟ್ಟ ಗಿರಾಕಿಗಳಿಗೆ ನಾಳೆ ಬನ್ನಿ ಎನ್ನುತ್ತೀರಿ. ಎರಡನೇ ವರ್ಷ ರೀಮಿಗೆ ಕಾಗದದ ರೇಟು ಏರುತ್ತದೆ, ಇಂಕು ಏರುತ್ತದೆ. ಆದರೆ ಪಾರ್ಟಿ ಮಾತ್ರ ಹೋದ ವರ್ಷದ ರೇಟಿಗಿಂತ ಹತ್ತು ಪೈಸೆ ಇಳಿಸಿ ಕೊಟೇಶನ್ ಕೊಡಿ ಎನ್ನುತ್ತಾನೆ. ಬೋರ್ಡಿನ ಮೇಲೆ ನಿಮ್ಮ ಹೆಸರಿದ್ದರೇನು, ಅಂದಿನಿಂದ ಆ ಪ್ರೆಸ್ಸಿನ ಧಣಿ ಅವನು.

ರಬ್ಬರ್‌ಮೇಡ್ ಎಂಬ ಪ್ಲಾಸ್ಟಿಕ್ ಡಬ್ಬಿ ಕಂಪನಿಗೆ ಆದದ್ದೂ ಇದೇ. 1990ರ ದಶಕದ ಮೊದಲರ್ಧದಲ್ಲಿ ಅಮೆರಿಕದವರು ಹೊಗಳಿ ಅಟ್ಟಕ್ಕೇರಿಸಿದ ಕಂಪನಿ. 1995ರ ಹೊತ್ತಿಗೆ ಪ್ಲಾಸ್ಟಿಕ್ಕಿನ ಕಚ್ಚಾ ಮಾಲಿನ ಬೆಲೆ ಗಗನಕ್ಕೇರಿತು. ವಾಲ್‌ಮಾರ್ಟ್ ಒಂದು ಕಾಸು ಹೆಚ್ಚು ಕೊಡಲೊಲ್ಲದೆ ಕಪಾಟಿನ ಜಾಗವನ್ನು ಎದುರಾಳಿಗಳಿಗೆ ಕೊಟ್ಟಿತು. 1999ರಲ್ಲಿ ರಬ್ಬರ್‌ಮೇಡನ್ನು ಇನ್ನೊಂದು ಕಂಪನಿ ಕೊಂಡುಕೊಂಡಿತು. ಓಹಾಯೋದ ವೂಸ್ಟರ್ ಊರಿನಲ್ಲಿದ್ದ ಅದರ ಕಾರ್ಖಾನೆಗೆ 2004ರಲ್ಲಿ ಬೀಗ ಬಿತ್ತು.

ಸ್ಯಾಮ್ ವಾಲ್ಟನ್ 1962ರಲ್ಲಿ ಅರ್ಕನ್ಸಾದ ರೋಜರ್ಸ್ ಎಂಬ ಊರಲ್ಲಿ ಮೊದಲ ಅಂಗಡಿ ತೆರೆದ. ಜಾಣ, ದುಡಿಮೆಗಾರ. ಸ್ವಂತ ಗೋದಾಮು, ಸ್ವಂತ ಲಾರಿ, ಯಾವ ಅಂಗಡಿಯಲ್ಲಿ ಏನು ಖರ್ಚಾಯಿತೆಂದು ತಕ್ಷಣ ಹೇಳುವ ಕಂಪ್ಯೂಟರ್ ಜಾಲ. ಇದರಿಂದ ಉಳಿದ ದುಡ್ಡಿನಲ್ಲಿ ಬೆಲೆ ಇಳಿಸಿದರೆ ಯಾರ ತಕರಾರೂ ಇಲ್ಲ. ತಕರಾರಿರುವುದು ಇನ್ನೊಬ್ಬರ ಅನ್ನದಿಂದ ಉಳಿಸಿದ ದುಡ್ಡಿನ ಬಗ್ಗೆ. ಕೂಲಿ ಕೊಡದೆ ಹೆಚ್ಚುವರಿ ಹೊತ್ತು ದುಡಿಸಿಕೊಂಡರೆಂದು, ಊಟದ ಬಿಡುವನ್ನೂ ಕಿತ್ತುಕೊಂಡರೆಂದು ನೌಕರರು ಹೂಡಿದ್ದ 63 ದಾವೆಗಳನ್ನು ಮುಗಿಸಿಕೊಳ್ಳಲು ವಾಲ್‌ಮಾರ್ಟ್ 2008ರ ಡಿಸೆಂಬರಿನಲ್ಲಿ ಒಪ್ಪಿದ ಮೊತ್ತ 35 ಕೋಟಿ ಡಾಲರಿನಿಂದ 64 ಕೋಟಿ ಡಾಲರಿನವರೆಗೆ!

ಕೆನಡಾದ ಕ್ವಿಬೆಕ್ ಪ್ರಾಂತ್ಯದ ಝೋಂಕಿಯೇರ್ ಅಂಗಡಿಯ ನೌಕರರು 2004ರಲ್ಲಿ ಯೂನಿಯನ್ ಕಟ್ಟಿದರು. 2005ರ ಏಪ್ರಿಲಿನಲ್ಲಿ ಆ ಅಂಗಡಿಯನ್ನೇ ಮುಚ್ಚಿಬಿಟ್ಟರು. ಸುಮಾರು 190 ಜನ ಬೀದಿಗೆ ಬಿದ್ದರು. ವಾಲ್‌ಮಾರ್ಟ್ ಮಾಡಿದ್ದು ತಪ್ಪು ಎಂದು ಕೆನಡಾದ ಸುಪ್ರೀಂ ಕೋರ್ಟು ಹೇಳುವಾಗ 2014. ಅದೇ ಕ್ವಿಬೆಕ್ಕಿನಲ್ಲಿ ಅಂಗಡಿ ಬೋರ್ಡಿನ ಮೇಲೆ ಒಂದೆರಡು ಫ್ರೆಂಚ್ ಪದ ಸೇರಿಸಿ ಎಂದದ್ದಕ್ಕೆ ಕೋರ್ಟಿಗೆ ಹೋದ ಸರಪಳಿ ಅಂಗಡಿಗಳ ಪೈಕಿಯೂ ಈ ಮಹಾಶಯರಿದ್ದರು. ಅಂಗಡಿಗಳೇ ಗೆದ್ದವು. ಕ್ವಿಬೆಕ್ ಸರ್ಕಾರ ಸುಮ್ಮನಾಗದೆ 2016ರಲ್ಲಿ ನಿಯಮವನ್ನೇ ತಿದ್ದಿತು. ನಮ್ಮ ಊರಿನ ಬೋರ್ಡುಗಳ ಗಲಾಟೆ ನೋಡಿದವರಿಗೆ ಇದು ಹೊಸದೇನಲ್ಲ ಬಿಡಿ.

ಇದೆಲ್ಲ ದೂರದ ಮಾತು ಎಂದುಕೊಂಡಿರಾ ಗೆಳೆಯರೇ? 2018ರಲ್ಲಿ 1,600 ಕೋಟಿ ಡಾಲರ್ ಸುರಿದು ವಾಲ್‌ಮಾರ್ಟ್ ಕೊಂಡದ್ದು ಯಾವುದನ್ನು? ನಮ್ಮ ಬೆಂಗಳೂರಿನಲ್ಲಿ 2007ರಲ್ಲಿ ಪುಸ್ತಕ ಮಾರುತ್ತಾ ಹುಟ್ಟಿದ ಫ್ಲಿಪ್‌ಕಾರ್ಟಿನ ಶೇ. 77 ಪಾಲನ್ನು. ಬೀದಿಯಲ್ಲಿ ಅಂಗಡಿ ತೆರೆಯಲು ಕಾನೂನು ಅಡ್ಡವಿತ್ತು. ಹಾಗಾಗಿ ನಿಮ್ಮ ಜೇಬಿನ ಮೊಬೈಲಿಗೇ ಬಂದು ಕೂತಿತು. ತಮಗೆ ಬೇಕಾದ ಕೆಲವೇ ಮಾರಾಟಗಾರರನ್ನು ಮುಂದೆ ತಳ್ಳುತ್ತಾರೆ, ಮಿತಿಮೀರಿದ ರಿಯಾಯಿತಿ ಕೊಟ್ಟು ಉಳಿದವರನ್ನು ಮುಗಿಸುತ್ತಾರೆ ಎಂದು ವರ್ತಕರು ದೂರಿದಾಗ, 2020ರ ಜನವರಿಯಲ್ಲಿ ಭಾರತೀಯ ಸ್ಪರ್ಧಾ ಆಯೋಗ ಅಮೆಜಾನ್, ಫ್ಲಿಪ್‌ಕಾರ್ಟ್ ಎರಡರ ಮೇಲೂ ತನಿಖೆಗೆ ಆದೇಶಿಸಿತು. ತಪ್ಪಿಲ್ಲದವರಿಗೆ ತನಿಖೆಯ ಭಯವೇಕೆ? ಇಬ್ಬರೂ ಕರ್ನಾಟಕ ಹೈಕೋರ್ಟಿಗೆ ಓಡಿ ತಡೆಯಾಜ್ಞೆ ತಂದರು. 2021ರ ಜೂನಿನಲ್ಲಿ ಹೈಕೋರ್ಟು ಅವರ ಅರ್ಜಿಗಳನ್ನು ವಜಾ ಮಾಡಿತು.

ಹಬ್ಬದ ಸೇಲಿನಲ್ಲಿ ಕೊಳ್ಳಬೇಡಿ ಎಂದು ನಾನು ಹೇಳುವುದಿಲ್ಲ, ಹೇಳಿದರೆ ಕೇಳುವವರೂ ಇಲ್ಲ. ಆದರೆ ಚಿಕ್ಕಪೇಟೆಯಲ್ಲೋ ಅವೆನ್ಯೂ ರಸ್ತೆಯಲ್ಲೋ ಆನ್‌ಲೈನಿಗೆ ಮಾಲು ಹಾಕುವ ಪರಿಚಯದವನೊಬ್ಬ ನಿಮಗೂ ಇದ್ದೇ ಇರುತ್ತಾನೆ. ಒಂದು ಕಾಫಿ ಕುಡಿಸಿ ಕೇಳಿ ನೋಡಿ: ಅವರು ಹಿಡಿದುಕೊಳ್ಳುವ ಕಮಿಷನ್ ಎಷ್ಟು? ಗಿರಾಕಿ ವಾಪಸ್ ಕಳಿಸಿದ ಮಾಲಿನ ಖರ್ಚು ಯಾರ ತಲೆಗೆ? ಬೇಡ ಎಂದರೆ ನಾಳೆ ನಿನ್ನ ಮಾಲು ಎಷ್ಟನೇ ಪುಟಕ್ಕೆ ಹೋಗುತ್ತದೆ?